ಗ್ಯಾರೇಜಿನಲ್ಲಿ ಇಬ್ಬರು ಕರ್ಣರು

ಓಹಾಯೋ ರಾಜ್ಯದಲ್ಲಿ ನವೆಂಬರ್ ಎಂದರೆ ಜಿಂಕೆಗಳಿಗೆ ಬೆದೆಯ ಕಾಲ. ಅದೇ ತಿಂಗಳ ಮೊದಲ ಭಾನುವಾರ ಇಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಹೀಗಾಗಿ ಕಚೇರಿ ಬಿಡುವ ಹೊತ್ತು, ಮುಸ್ಸಂಜೆ, ಜಿಂಕೆಗಳು ರಸ್ತೆ ದಾಟುವ ಹೊತ್ತು ಮೂರೂ ಒಂದೇ ಆಗಿಬಿಡುತ್ತವೆ. 2019ರಲ್ಲಿ ಅಂಥದೊಂದು ಸಂಜೆ ನಾನು ಮೇರಿಸ್‌ವಿಲ್‌ನಿಂದ ಬರುತ್ತಾ 33ನೇ ಹೆದ್ದಾರಿ ಬಿಟ್ಟು ಒಳರಸ್ತೆಗೆ ಇಳಿದಿದ್ದೆ. ಮೊದಲ ಜಿಂಕೆ ದಾಟಿತು. ಎರಡನೆಯದು ದಾಟಲಿಲ್ಲ. ಅದು ಬಾನೆಟ್ಟಿಗೆ ಬಡಿಯಿತು, ಕಾರು ಚರಂಡಿಗೆ ಜಾರಿ ಮೋರಿಯ ಕಾಂಕ್ರೀಟಿಗೆ ಮೂತಿ ಗುದ್ದಿತು. ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದು ಕಣ್ಣಿಗೆ ಕಾಣುವುದೇ ಇಲ್ಲ. ಬಿಚ್ಚಿಕೊಂಡ ಮೇಲೆ ಮುಖದ ಮುಂದೆ ಬಿಳಿ ಪುಡಿ ತೇಲುತ್ತಿರುತ್ತದೆ, ಮೂಗಿಗೆ ಪಟಾಕಿಯ ವಾಸನೆ ಬರುತ್ತದೆ, ಅಷ್ಟೇ ಗೊತ್ತಾಗುವುದು.

ನನಗೆ ಏನೂ ಆಗಲಿಲ್ಲ. ಕಾರಿಗೆ ಆಯಿತು. 2011ರ ಬಿಳಿ ಟೊಯೊಟಾ ಕೊರೊಲ್ಲಾ, ನಾನು ಈ ದೇಶದಲ್ಲಿ ಕೊಂಡ ಮೊದಲ ವಾಹನ. ಪ್ರಾಣಿ ಅಡ್ಡ ಬಂದದ್ದರಿಂದ ಸಮಗ್ರ ವಿಮೆಯ ಲೆಕ್ಕಕ್ಕೆ ಬಂತು. ವಿಮೆಯವರ ಕಡೆಯಿಂದ ಬಂದವನು ಫೋಟೋ ತೆಗೆದುಕೊಂಡು ಹೋದ, ಮೂರನೇ ದಿನ 'ಟೋಟಲ್' ಎಂದು ಫೋನು ಬಂತು. ರಿಪೇರಿಯ ಖರ್ಚು ಕಾರಿನ ಬೆಲೆಯ ಸಮೀಪಕ್ಕೆ ಬಂದರೆ ಇಲ್ಲಿ ಯಾರೂ ರಿಪೇರಿ ಮಾಡಿಸುವುದಿಲ್ಲ. ಕೂಲಿ ದುಬಾರಿ, ಬಿಚ್ಚಿಕೊಂಡ ಏರ್‌ಬ್ಯಾಗುಗಳು ಇನ್ನೂ ದುಬಾರಿ. ಎಂಜಿನ್ ಗಟ್ಟಿಯಾಗಿದೆ, ಗೇರ್‌ಬಾಕ್ಸ್ ಗಟ್ಟಿಯಾಗಿದೆ ಎಂದು ಹೇಳಿ ನೋಡಿದೆ. ಬೇಕಿದ್ದರೆ ನೀವೇ ಇಟ್ಟುಕೊಳ್ಳಿ, ಗುಜರಿ ಬೆಲೆ 900 ಡಾಲರ್ ಹಿಡಿದುಕೊಂಡು ಉಳಿದದ್ದಕ್ಕೆ ಚೆಕ್ ಕಳಿಸುತ್ತೇವೆ ಎಂದರು. ಇಟ್ಟುಕೊಂಡೆ. ಈ ನಿರ್ಧಾರವನ್ನು ಮನೆಯಲ್ಲಿ ಹೇಳಿದ್ದು ಮಾತ್ರ ಎರಡು ದಿನ ಬಿಟ್ಟು.

ಹಾಗೆ ಇಟ್ಟುಕೊಂಡ ಕಾರಿನ ಟೈಟಲ್, ಅಂದರೆ ಒಡೆತನದ ಪತ್ರ, 'ಸ್ಯಾಲ್ವೇಜ್', ಅಂದರೆ ಗುಜರಿ ಮಾಲು, ಎಂದು ಬದಲಾಗುತ್ತದೆ. ನಮ್ಮ ಆರ್‌ಟಿಓ ಮಾಡುವ ಕೆಲಸವನ್ನು ಇಲ್ಲಿ ಎರಡು ಕಚೇರಿಗಳು ಹಂಚಿಕೊಂಡಿವೆ. ನಂಬರ್ ಪ್ಲೇಟು ಕೊಡುವವರು ಒಬ್ಬರು, ಟೈಟಲ್ ಕೊಡುವವರು ಕೌಂಟಿಯ ಕ್ಲರ್ಕ್ ಆಫ್ ಕೋರ್ಟ್ಸ್. ಸ್ಯಾಲ್ವೇಜ್ ಟೈಟಲಿನ ಕಾರಿಗೆ ನಂಬರ್ ಪ್ಲೇಟು ಸಿಗುವುದಿಲ್ಲ. ಪ್ಲೇಟು ಇಲ್ಲದ ಕಾರು ರಸ್ತೆಗೆ ಇಳಿಯುವಂತಿಲ್ಲ.

ನಮ್ಮ ಎದುರು ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ. ಮೇರಿಸ್‌ವಿಲ್‌ನ ಹೋಂಡಾ ಕಾರ್ಖಾನೆಯಲ್ಲಿ 1982ರಲ್ಲಿ ಕಾರು ತಯಾರಿಕೆ ಶುರುವಾದಾಗ ಸೇರಿ, ಅಲ್ಲೇ ನಿವೃತ್ತರಾದವರು. ಇಲ್ಲಿ ಎಪ್ಪತ್ತು ದಾಟಿದವರನ್ನೂ ಹೆಸರು ಹಿಡಿದೇ ಕರೆಯಬೇಕು. ಎಂಟು ವರ್ಷವಾದರೂ ನನ್ನ ನಾಲಿಗೆ ಅದಕ್ಕೆ ಒಗ್ಗಿಲ್ಲ, ಮನಸ್ಸಿನಲ್ಲಿ ಅವರು ಅಜ್ಜನೇ. ಕಾರನ್ನು ಒಂದು ಸುತ್ತು ಬಂದು ನೋಡಿ, "ಹೋಂಡಾ ಆಗಿದ್ದರೆ ಜಿಂಕೆಗೆ ಜಾಸ್ತಿ ಪೆಟ್ಟಾಗುತ್ತಿತ್ತು" ಎಂದರು. ಆಮೇಲೆ ಗಂಭೀರವಾದರು. "ಬಿಡಿಭಾಗಗಳನ್ನು ಒಂದೊಂದಾಗಿ ಕೊಳ್ಳಬೇಡ. ಇಡೀ ಕಾರನ್ನೇ ಕೊಳ್ಳು. ಹಿಂದಿನಿಂದ ಗುದ್ದಿಸಿಕೊಂಡದ್ದು, ಮುಂದೆ ಗೀರೂ ಬಿದ್ದಿರಬಾರದು."

ಇದಕ್ಕೆ ಇಲ್ಲಿ ಡೋನರ್ ಕಾರು ಎನ್ನುತ್ತಾರೆ, ದಾನಿ ಕಾರು. ಮೂರು ವಾರ ಹುಡುಕಿದ ಮೇಲೆ ಒಬ್ಬ ರೈತರ ಕೊಟ್ಟಿಗೆಯ ಹಿಂದೆ ಸಿಕ್ಕಿತು: 2010ರ ಬೆಳ್ಳಿ ಬಣ್ಣದ ಕೊರೊಲ್ಲಾ, 850 ಡಾಲರ್. ಡಿಕ್ಕಿ ಹಿಂದಿನ ಸೀಟಿನವರೆಗೂ ಮಡಚಿಕೊಂಡಿತ್ತು, ಮುಂಭಾಗ ಮದುವೆಗೆ ಹೊರಟಂತಿತ್ತು. ಓಹಾಯೋದಲ್ಲಿ ಮಾರುವವರು ನೋಟರಿಯ ಮುಂದೆಯೇ ಟೈಟಲಿಗೆ ಸಹಿ ಹಾಕಬೇಕು. ಸಹಿ ಮುಗಿಸಿ, ಟೋಯಿಂಗ್ ಟ್ರಕ್ಕಿನ ಮೇಲೆ ಮನೆಗೆ ತಂದಾಗ ಕತ್ತಲಾಗಿತ್ತು. ಆರನೇ ತರಗತಿಯ ಮಗಳು ಚಳಿಗೆ ಕೈ ಕಂಕುಳಲ್ಲಿಟ್ಟುಕೊಂಡು ಕೇಳಿದಳು: "ಅಪ್ಪಾ, ಇದರಲ್ಲಿ ಚೆನ್ನಾಗಿರುವುದನ್ನೆಲ್ಲ ಬಿಚ್ಚಿ ನಮ್ಮದಕ್ಕೆ ಹಾಕುತ್ತೀಯಾ? ಹಾಗಾದರೆ ಇದು ಕರ್ಣ." ಬಾನೆಟ್ಟು ಕವಚ, ಹೆಡ್‌ಲೈಟುಗಳು ಕುಂಡಲ. ಹೆಸರು ನಿಂತುಬಿಟ್ಟಿತು.

ಕರ್ಣ ಬಂದ ವಾರದಲ್ಲೇ ಬಡಾವಣೆಯ ಮನೆ ಮಾಲೀಕರ ಸಂಘದಿಂದ ಪತ್ರ ಬಂತು. ಪ್ಲೇಟಿಲ್ಲದ, ಓಡದ ವಾಹನ ರಸ್ತೆಗೆ ಕಾಣುವಂತೆ ನಿಲ್ಲಬಾರದಂತೆ. ಎರಡು ಕಾರುಗಳ ಗ್ಯಾರೇಜಿಗೆ ಎರಡೂ ಮುರುಕು ಕಾರುಗಳು ಹೋದವು. ಹೆಂಡತಿ ಓಡಿಸುವ ಒಳ್ಳೆಯ ಕಾರು ಹೊರಗೆ ಹಿಮದಲ್ಲಿ ನಿಂತಿತು. ಬೆಳಗ್ಗೆ ಆರೂವರೆಗೆ ಅವಳು ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುವ ಸದ್ದು ಮಲಗುವ ಕೋಣೆಗೆ ಕೇಳಿಸುತ್ತಿತ್ತು. ಅಷ್ಟು ಜೋರಾಗಿ ಕೆರೆಯುವ ಅಗತ್ಯ ಇರಲಿಲ್ಲ.

ಮೊದಲ ಶನಿವಾರ ಸ್ಪ್ಯಾನರ್ ಹಿಡಿದು ನಿಂತ ನನ್ನ ಕೈಗೆ ಅಜ್ಜ ಅಳತೆ ಪಟ್ಟಿ ಕೊಟ್ಟರು. ಈಗಿನ ಕಾರುಗಳಿಗೆ ಲಾರಿಗಿರುವಂತೆ ಬೇರೆ ಚಾಸಿ ಇರುವುದಿಲ್ಲ, ಮೈಯೇ ಚಾಸಿ. ಮುಂದೆ ಎಡಬಲಕ್ಕೆ ಚಾಚಿಕೊಂಡಿರುವ ಎರಡು ಪೆಟ್ಟಿಗೆಯಂಥ ಉಕ್ಕಿನ ತೊಲೆಗಳು ಸೊಟ್ಟಗಾಗಿದ್ದರೆ ಮೇಲೆ ಎಷ್ಟು ಹೊಸ ತಗಡು ಹೊದಿಸಿದರೂ ಕಾರು ನೆಟ್ಟಗೆ ಓಡುವುದಿಲ್ಲ. ಸೊಟ್ಟ ಎಂದು ಕಣ್ಣಿಗೆ ಕಾಣುವುದೂ ಇಲ್ಲ. ಅದಕ್ಕೆ ಚಕ್ರದ ಸ್ಪ್ರಿಂಗಿನ ತಲೆ ಕೂರುವ ಬಲಗಡೆಯ ಸಸ್ಪೆನ್ಷನ್ ಗೋಪುರದ ಬೋಲ್ಟಿನಿಂದ ಎಡ ತೊಲೆಯ ತುದಿಯ ರಂಧ್ರಕ್ಕೆ, ಎಡಗಡೆಯದರಿಂದ ಬಲ ತುದಿಗೆ ಅಳೆಯಬೇಕು. ಶಾಲೆಯ ರೇಖಾಗಣಿತದಲ್ಲಿ ಆಯತದ ಮೂಲೆಯಿಂದ ಮೂಲೆಗೆ ಎಳೆದ ಗೆರೆಗೆ ಏನು ಹೆಸರು? ಕರ್ಣ! ಮಗಳಿಗೆ ಇದನ್ನು ವಿವರಿಸುವಾಗ ನನಗೇ ನಗು ತಡೆಯಲಿಲ್ಲ. ಇಂಗ್ಲಿಷಿನಲ್ಲಿ ಲೆಕ್ಕ ಕಲಿಯುವ ಅವಳಿಗೆ ಆ ಅರ್ಥ ಹೊಸದು.

ಕಾರ್ಖಾನೆಯ ಅಳತೆಗಳ ಪಟ್ಟಿ ನಮ್ಮ ಬಳಿ ಇರಲಿಲ್ಲ. ಪಕ್ಕದಲ್ಲೇ ಪೆಟ್ಟು ತಿನ್ನದ ಮೂತಿ ಇತ್ತು. ಕರ್ಣನ ಎರಡು ಕರ್ಣಗಳನ್ನು ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆವು, ನನ್ನ ಕಾರಿನವನ್ನು ಕೆಳಗೆ ಬರೆದೆವು. ವ್ಯತ್ಯಾಸ ಎರಡು ಮಿಲಿಮೀಟರ್, ಅದು ನಮ್ಮ ಕೈನಡುಕದ ಲೆಕ್ಕ. ತೊಲೆಗಳು ಉಳಿದಿದ್ದವು. ಆದರೆ ಅವುಗಳ ಮುಂದೆ ರೇಡಿಯೇಟರ್ ಹಿಡಿದುಕೊಳ್ಳುವ ಚೌಕಟ್ಟು ಹದಿನಾಲ್ಕು ಮಿಲಿಮೀಟರ್ ಹಿಂದಕ್ಕೆ ಬಾಗಿತ್ತು. ಲೆಕ್ಕ ತಿರುಗುಮುರುಗಾಗಿದ್ದರೆ ಅವತ್ತೇ ಎರಡೂ ಕಾರುಗಳನ್ನು ಗುಜರಿಗೆ ಕಳಿಸುತ್ತಿದ್ದೆ. ತೊಲೆ ಎಳೆದು ನೆಟ್ಟಗೆ ಮಾಡುವುದು ಮನೆಯ ಕೆಲಸವಲ್ಲ.

ದಾನಿ ಕಾರಿನಿಂದ ಸಿಗುವುದು ಬಾನೆಟ್ಟು, ಬಂಪರ್, ಚಕ್ರದ ಮೇಲಿನ ತಗಡಾದ ಫೆಂಡರ್ ಎಂದು ನಾನು ತಿಳಿದಿದ್ದೆ. ಅವು ಎಲ್ಲಿ ಬೇಕಾದರೂ ಸಿಗುತ್ತವೆ. ಬಂಪರನ್ನು ಫೆಂಡರಿಗೆ ಹಿಡಿಸುವ ಪ್ಲಾಸ್ಟಿಕ್ ಕಿವಿ, ಹಾರ್ನಿನ ತಂತಿಯನ್ನು ತಗಡಿಗೆ ಕಚ್ಚಿಸುವ ಕ್ಲಿಪ್, ಹೆಡ್‌ಲೈಟಿನ ಹಿಂದೆ ಅಡಗಿರುವ ಬ್ರಾಕೆಟ್ ಇವು ಸಿಗುವುದಿಲ್ಲ. ಅಪಘಾತದಲ್ಲಿ ಮೊದಲು ಚೂರಾಗುವುದು ಇವೇ. ಚೂರಾದ ಮೇಲೆ ಅಲ್ಲಿ ಏನಿತ್ತು ಎಂಬುದೂ ಗೊತ್ತಾಗುವುದಿಲ್ಲ. ಮೊದಲು ಕರ್ಣನಲ್ಲಿ ಬಿಚ್ಚು, ನೋಡು, ಆಮೇಲೆ ನಿನ್ನದಕ್ಕೆ ಕೈ ಹಾಕು ಎಂಬುದು ಅಜ್ಜನ ನಿಯಮ. ಮಗಳು ಮೊಟ್ಟೆಯ ಟ್ರೇಗಳನ್ನು ತಂದಿಟ್ಟು ಒಂದೊಂದು ಗುಳಿಗೂ ಅಂಟುಪಟ್ಟಿಯಲ್ಲಿ ಹೆಸರು ಬರೆದಳು: 'ಎಡ ದೀಪ, ಮೇಲೆ', 'ಬಲ ದೀಪ, ಕೈ ಹೋಗದ ಜಾಗ'. ಈ ಕಾರಿನಲ್ಲಿ ಸಿಕ್ಕಸಿಕ್ಕ ಕಡೆಯೆಲ್ಲ 10 ಎಂಎಂ ಬೋಲ್ಟುಗಳು. ಜಗತ್ತಿನ ಎಲ್ಲ ಗ್ಯಾರೇಜುಗಳಂತೆ ನಮ್ಮಲ್ಲೂ ಕಳೆದುಹೋದದ್ದು 10 ಎಂಎಂ ಸಾಕೆಟ್ ಒಂದೇ. ಮೂರು ಸಲ ಕೊಂಡೆ.

ಚಳಿಯಲ್ಲಿ ಪ್ಲಾಸ್ಟಿಕ್ ಕ್ಲಿಪ್ ಬಿಚ್ಚುವುದೆಂದರೆ ಒಡೆಯುವುದು ಎಂದೇ ಅರ್ಥ. ಹೇರ್ ಡ್ರೈಯರ್ ಹಿಡಿದು ಬೆಚ್ಚಗೆ ಮಾಡಿ, ನಡುವಿನ ಗುಬಟನ್ನು ಉಗುರಿನಷ್ಟು ಮೇಲೆತ್ತಿ, ಆಮೇಲೆ ಸುತ್ತಲಿನ ಬಿಲ್ಲೆಯನ್ನು ಎಬ್ಬಿಸಬೇಕು. ಆ ಹೇರ್ ಡ್ರೈಯರ್ ಯಾರದ್ದು ಎಂಬ ವಿಚಾರಣೆ ಮನೆಯೊಳಗೆ ಬೇರೆ ನಡೆಯಿತು.

ರೇಡಿಯೇಟರ್ ಚೌಕಟ್ಟಿನ ಪಕ್ಕದ ತಗಡುಗಳು ಬೋಲ್ಟಿನವಲ್ಲ, ಚುಕ್ಕೆ ಚುಕ್ಕೆ ಬೆಸುಗೆಯವು. ಒಂದೊಂದು ಚುಕ್ಕೆಯನ್ನೂ ಮೇಲಿನ ತಗಡಿನಷ್ಟೇ ಆಳಕ್ಕೆ ಕೊರೆಯಬೇಕು, ಕೆಳಗಿನದು ತೂತಾಗಬಾರದು. ಕರ್ಣನ ಮೇಲೆ ನಾಲ್ಕು ಚುಕ್ಕೆ ಕೆಡಿಸಿ ಕಲಿತು, ನನ್ನದರಲ್ಲಿ ಒಂದೇ ಕೆಡಿಸಿದೆ. ಬ್ಯಾಟರಿ ಬಿಚ್ಚಿಟ್ಟು ವೆಲ್ಡಿಂಗ್ ಮಾಡಿದವರು ಅಜ್ಜ. ಬೆಂಕಿ ಆರಿಸುವ ಸಿಲಿಂಡರ್ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುವುದು ನನ್ನ ಕೆಲಸ. ಎಸಿಯ ಅನಿಲವನ್ನು ಗಾಳಿಗೆ ಬಿಡುವುದು ಇಲ್ಲಿ ಕಾನೂನಿಗೆ ವಿರುದ್ಧ. ಅದನ್ನು ಯಂತ್ರದಲ್ಲಿ ಹೀರಿಕೊಳ್ಳಲು ಒಬ್ಬ ಮೆಕ್ಯಾನಿಕ್ ಮನೆಗೇ ಬಂದು ಹೋದರು.

ಇನ್ನು ಏರ್‌ಬ್ಯಾಗ್. ಕರ್ಣನ ಮುಂದಿನ ಎರಡೂ ಏರ್‌ಬ್ಯಾಗುಗಳು ಬಿಚ್ಚಿಕೊಳ್ಳದೆ ಹಾಗೇ ಇದ್ದವು. ಅವನ್ನು ಬಿಚ್ಚಿ ನನ್ನದಕ್ಕೆ ಹಾಕಿದರೆ ಮುಗಿಯಿತು ಎಂದುಕೊಂಡಿದ್ದೆ. ಅಜ್ಜ ಮೊದಲು ಅದರ ವಿಐಎನ್, ಆ ಹದಿನೇಳು ಅಕ್ಷರಗಳ ಗುರುತಿನ ಸಂಖ್ಯೆಯನ್ನು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯ ತಾಣದಲ್ಲಿ ಹಾಕಿಸಿದರು. ಕೆಂಪು ಅಕ್ಷರ ಬಂತು. ಪ್ರಯಾಣಿಕರ ಬದಿಯದು ಟಕಾಟಾ ಕಂಪನಿಯದು, ಹಿಂದಕ್ಕೆ ಕರೆಸಿಕೊಂಡ ಮಾಲು, ಬದಲಾಯಿಸಿರಲಿಲ್ಲ. ಟಕಾಟಾ ತನ್ನ ಏರ್‌ಬ್ಯಾಗ್ ಉಬ್ಬಿಸಲು ಅಮೋನಿಯಂ ನೈಟ್ರೇಟ್ ಬಳಸುತ್ತಿತ್ತು. ವರ್ಷಗಟ್ಟಲೆ ಸೆಖೆ, ತೇವ ಕುಡಿದ ಆ ಮದ್ದು ಬೇಕಾದದ್ದಕ್ಕಿಂತ ಜೋರಾಗಿ ಉರಿದು ಲೋಹದ ಡಬ್ಬಿಯನ್ನೇ ಸಿಡಿಸಿ, ಚೂರುಗಳನ್ನು ಕುಳಿತವರ ಮುಖಕ್ಕೆ ಎಸೆಯುತ್ತಿತ್ತು. ಅಮೆರಿಕದ ಇತಿಹಾಸದಲ್ಲೇ ಅಷ್ಟು ದೊಡ್ಡ ವಾಹನ ಮರುಕರೆ ನಡೆದದ್ದಿಲ್ಲ. ಕಂಪನಿ 2017ರಲ್ಲಿ ದಿವಾಳಿಯೂ ಆಯಿತು. ನನ್ನ ಕಾರಿನದನ್ನು ಎರಡು ವರ್ಷದ ಹಿಂದೆ ಉಚಿತವಾಗಿ ಬದಲಾಯಿಸಿದ್ದರು. ಚರಂಡಿಯಲ್ಲಿ ಬಿಚ್ಚಿಕೊಂಡದ್ದು ಆ ಹೊಸದು. ಇದನ್ನು ಓದುತ್ತಾ ಗ್ಯಾರೇಜಿನ ನೆಲದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕರ್ಣನ ಆ ದಾನವನ್ನು ನಿರಾಕರಿಸಿ ಹೊಸದನ್ನೇ ತರಿಸಿದೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಹಣ ಹೋದದ್ದು ಅದಕ್ಕೆ. ಚಾಲಕನ ಬದಿಯದಕ್ಕೆ ಅಂಥ ದೋಷ ಇರಲಿಲ್ಲ, ಅದನ್ನು ತೆಗೆದುಕೊಂಡೆ. ಒಮ್ಮೆ ಬಿಗಿದು ಸತ್ತುಹೋದ ಮುಂದಿನ ಎರಡು ಸೀಟ್ ಬೆಲ್ಟುಗಳು ಮತ್ತು ಏರ್‌ಬ್ಯಾಗ್ ಆಳುವ ಪುಟ್ಟ ಕಂಪ್ಯೂಟರ್ ಕೂಡ ಬದಲಾದವು.

ಹಳದಿ ಕನೆಕ್ಟರ್ ಕಂಡರೆ ಕೈ ಹಿಂದಕ್ಕೆ ತೆಗೆ, ಅದು ಏರ್‌ಬ್ಯಾಗಿನ ತಂತಿ ಎಂದು ಅಜ್ಜ ಮೊದಲೇ ಹೇಳಿದ್ದರು. ಬ್ಯಾಟರಿಯ ಋಣ ತುದಿ ಬಿಚ್ಚಿ ಕನಿಷ್ಠ 90 ಸೆಕೆಂಡು ಕಾಯಬೇಕೆಂದು ಟೊಯೊಟಾ ಪುಸ್ತಕದಲ್ಲಿದೆ. ನಾವು ಅರ್ಧ ಗಂಟೆ ಬಿಟ್ಟು ಕಾಫಿ ಕುಡಿದು ಬಂದೆವು. ಎಲ್ಲ ಜೋಡಿಸಿದ ಮೇಲೆ ಕೀಲಿ ತಿರುಗಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಹತ್ತಿ, ಸುಮಾರು ಆರು ಸೆಕೆಂಡಿಗೆ ಆರಬೇಕು. ಆರಿದರೆ ಎಲ್ಲ ಸರಿ. ಮಗಳು ಗಟ್ಟಿಯಾಗಿ ಎಣಿಸಿದಳು. ಐದು, ಆರು, ಏಳು, ಎಂಟು. ಆರಲಿಲ್ಲ. ಎರಡು ಸಂಜೆ ಹುಡುಕಿದ ಮೇಲೆ ಸಿಕ್ಕಿದ್ದು ಬೆಲ್ಟಿನ ಬುಡದ ಒಂದು ಹಳದಿ ಕನೆಕ್ಟರ್: ಒಳಗೆ ಹೋಗಿತ್ತು, ಕಚ್ಚಿಕೊಂಡಿರಲಿಲ್ಲ. ಮತ್ತೆ ಬ್ಯಾಟರಿ ಬಿಚ್ಚಿ, ಕಾದು, ಒತ್ತಿದೆ. 'ಟಿಕ್' ಎಂದಿತು. ಮಗಳು ಎಣಿಸಿದಳು. ಆರಕ್ಕೆ ದೀಪ ಆರಿತು.

ಮಾರ್ಚಿನಲ್ಲಿ ತಪಾಸಣೆ. ಇದರಲ್ಲಿ ಪಾಸಾದರೆ ಸ್ಯಾಲ್ವೇಜ್ ಟೈಟಲ್ 'ರೀಬಿಲ್ಟ್', ಅಂದರೆ ಮತ್ತೆ ಕಟ್ಟಿದ್ದು, ಎಂದು ಬದಲಾಗಿ ಪ್ಲೇಟು ಸಿಗುತ್ತದೆ. ಓಹಾಯೋದಲ್ಲಿ ಇದನ್ನು ಮಾಡುವವರು ರಾಜ್ಯ ಹೆದ್ದಾರಿ ಪೊಲೀಸರು. ಪ್ಲೇಟಿಲ್ಲದ ಕಾರು ಮತ್ತೆ ಟ್ರಕ್ಕಿನ ಮೇಲೆ ಸವಾರಿ ಹೊರಟಿತು. ಬ್ರೇಕ್ ಹೇಗಿದೆ, ಚಕ್ರ ನೆಟ್ಟಗಿದೆಯೇ ಎಂದೆಲ್ಲ ಕೇಳುತ್ತಾರೆಂದು ರಾತ್ರಿಯಿಡೀ ಉತ್ತರ ಸಿದ್ಧಮಾಡಿಕೊಂಡಿದ್ದೆ. ಅಧಿಕಾರಿ ಕೇಳಿದ್ದು ರಸೀದಿ. ಯಾವ ಭಾಗ ಎಲ್ಲಿಂದ ಬಂತು, ದಾನಿ ಕಾರಿನ ವಿಐಎನ್ ಏನು, ಅದರ ಟೈಟಲ್ ಎಲ್ಲಿ. ಕದ್ದ ಕಾರಿನ ಭಾಗಗಳು ಸೇರಿಕೊಂಡಿವೆಯೇ ಎಂಬುದು ಅವರ ಚಿಂತೆ. ದೀಪ ಆರು ಸೆಕೆಂಡಿಗೆ ಆರುತ್ತದೆಯೇ ಎಂದು ಅವರು ನೋಡಲಿಲ್ಲ. ಬ್ಯಾಗಿನ ಜಾಗದಲ್ಲಿ ಹಳೆಯ ಬಟ್ಟೆ ತುರುಕಿ ಮುಚ್ಚಿದ್ದರೂ ಆ ದಿನ ನಾನು ಪಾಸಾಗುತ್ತಿದ್ದೆನೇನೋ. ಅದಕ್ಕೇ ಇಲ್ಲಿಗೆ ಹೊಸದಾಗಿ ಬಂದು 'ರೀಬಿಲ್ಟ್' ಟೈಟಲಿನ ಅಗ್ಗದ ಕಾರು ಕೊಳ್ಳಲು ಹೊರಡುವ ನಮ್ಮ ಹುಡುಗರಿಗೆ ನಾನು ಹೇಳುವುದು: ಬಣ್ಣ ಆಮೇಲೆ ನೋಡಿ, ಮೊದಲು ಕೀಲಿ ತಿರುಗಿಸಿ ಆ ದೀಪ ಎಣಿಸಿ. ದೀಪ ಹತ್ತದೇ ಇದ್ದರೂ ಎದ್ದು ಬನ್ನಿ, ಯಾರೋ ಅದನ್ನು ಕಿತ್ತಿದ್ದಾರೆ.

ಟೈಟಲಿನ ಮೇಲೆ ಈಗ 'ರೀಬಿಲ್ಟ್ ಸ್ಯಾಲ್ವೇಜ್' ಎಂಬ ಮುದ್ರೆ ಇದೆ. ಅದು ಎಂದಿಗೂ ಅಳಿಸುವುದಿಲ್ಲ. ಮಾರಲು ಹೋದರೆ ಕಾಸು ಹುಟ್ಟುವುದಿಲ್ಲ, ಹಾಗಾಗಿ ಮಾರುವ ಯೋಚನೆಯೇ ಇಲ್ಲ. ಕರ್ಣನ ಉಳಿದ ಅಸ್ಥಿಪಂಜರವನ್ನು ಟೈಟಲ್ ಸಮೇತ ಗುಜರಿಯವರಿಗೆ ತೂಕದ ಲೆಕ್ಕದಲ್ಲಿ ಕೊಟ್ಟೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಾಲ್ಕು ಅಳತೆಗಳನ್ನು ಯಾರೂ ಒರೆಸಿಲ್ಲ.

ಬಣ್ಣವನ್ನು ಬೇಸಿಗೆಯಲ್ಲಿ ಹೊಡೆಸೋಣ ಎಂದುಕೊಂಡಿದ್ದೆ. ಚಳಿಯಲ್ಲಿ ಬಣ್ಣ ಒಣಗುವುದಿಲ್ಲ ಎಂಬುದು ನಿಜವಾದ ಕಾರಣವೇ ಆಗಿತ್ತು. ಬೇಸಿಗೆ ಬಂದು ಹೋಯಿತು. ಬಿಳಿ ಕಾರಿಗೆ ಬೆಳ್ಳಿ ಬಣ್ಣದ ಬಾನೆಟ್ಟು, ಒಂದು ಬೆಳ್ಳಿ ಫೆಂಡರ್ ಹಾಗೇ ಇವೆ. ಮೊನ್ನೆ ದೊಡ್ಡ ಅಂಗಡಿಯೊಂದರ ಪಾರ್ಕಿಂಗ್ ಜಾಗದಲ್ಲಿ ಕಾರು ಎಲ್ಲಿ ನಿಲ್ಲಿಸಿದೆ ಎಂದು ನಾನು ತಡಕಾಡುತ್ತಿದ್ದಾಗ ಹೆಂಡತಿ ಕೈ ಚಾಚಿ ತೋರಿಸಿದಳು. "ರೀ, ಬಣ್ಣ ಹೊಡೆಸಬೇಡಿ" ಎಂದಳು.