ಸ್ಕ್ಯಾನ್ ಬದಿಗಿಟ್ಟು ಮೊದಲು ನೆಗೆಟಿವ್ ನೋಡಿ

ಫಿಲ್ಮ್ ಕ್ಯಾಮೆರಾದಲ್ಲಿ ತೆಗೆದ ರೋಲಿನ ಸ್ಕ್ಯಾನ್ ತೆರೆದಾಗ ಚಿತ್ರ ಬೂದುಬೂದಾಗಿ, ಗ್ರೇನ್ (ಮರಳಿನಂಥ ಕಣ) ತುಂಬಿಕೊಂಡು ಕಂಡರೆ ಮೊದಲು ಬೈಗುಳ ತಿನ್ನುವುದು ಫಿಲ್ಮು, ಆಮೇಲೆ ಲ್ಯಾಬು. ಕ್ಯಾಮೆರಾದ ಸರದಿ ಕೊನೆಗೆ. ಬಟನ್ ಒತ್ತಿದವರ ಸರದಿ ಬರುವುದೇ ಇಲ್ಲ. ಸ್ಕ್ಯಾನರ್ ಇದ್ದದ್ದನ್ನು ಇದ್ದ ಹಾಗೆ ತೋರಿಸುವುದಿಲ್ಲ: ಬೆಳಕು ಸಾಲದ ಫ್ರೇಮನ್ನು ತಾನೇ ಎತ್ತುತ್ತದೆ, ಹೆಚ್ಚಾದದ್ದನ್ನು ಇಳಿಸುತ್ತದೆ, ಬಣ್ಣವನ್ನು ತನಗೆ ತೋಚಿದಂತೆ ತಿದ್ದುತ್ತದೆ. ಹಾಗಾಗಿ ಎಡವಟ್ಟು ಕ್ಯಾಮೆರಾದಲ್ಲಾಯಿತೋ, ಫಿಲ್ಮ್ ತೊಳೆಯುವ ಟ್ಯಾಂಕಿನಲ್ಲೋ, ಸ್ಕ್ಯಾನರಿನಲ್ಲೋ ಎಂದು ಜೆಪೆಗ್ ನೋಡಿ ಹೇಳಲು ಬರುವುದಿಲ್ಲ. ನೆಗೆಟಿವ್ ಕೈಯಲ್ಲಿದ್ದರೆ ಅರ್ಧ ನಿಮಿಷ ಸಾಕು. ಲ್ಯಾಬಿಗೆ ಕೊಡುವವರು ನೆಗೆಟಿವ್ ವಾಪಸ್ ಬೇಕೆಂದು ರೋಲ್ ಕೊಡುವಾಗಲೇ ಹೇಳಿಬಿಡಿ. ಸ್ಕ್ಯಾನ್ ಕಳಿಸಿದ ಸ್ವಲ್ಪ ದಿನಕ್ಕೆ ನೆಗೆಟಿವ್ ಎಸೆದುಬಿಡುವ ಲ್ಯಾಬುಗಳೂ ಇವೆ.

ನೋಡುವುದು ಹೀಗೆ. ಫೋನಿನ ಪರದೆ ಬಿಳಿ ಮಾಡಿ, ಬೆಳಕು ಪೂರ್ತಿ ಏರಿಸಿ, ನೆಗೆಟಿವನ್ನು ಎರಡು ಅಂಗುಲ ಮೇಲೆ ಹಿಡಿಯಿರಿ. ಕಣ್ಣು ಮೊದಲು ಹೋಗಬೇಕಾದ್ದು ಚಿತ್ರಕ್ಕಲ್ಲ, ಅಂಚಿಗೆ. ಅಲ್ಲಿರುವ ಫಿಲ್ಮಿನ ಹೆಸರು, ಫ್ರೇಮ್ ಸಂಖ್ಯೆ ಎರಡನ್ನೂ ಕಾರ್ಖಾನೆಯಲ್ಲೇ ಬೆಳಕು ಕೊಟ್ಟು ಮೂಡಿಸಿರುತ್ತಾರೆ. ನಿಮ್ಮ ಕ್ಯಾಮೆರಾಕ್ಕೂ ಅದಕ್ಕೂ ಸಂಬಂಧವಿಲ್ಲ. ಅಕ್ಷರ ಗಾಢವಾಗಿದ್ದು ಫ್ರೇಮುಗಳೆಲ್ಲ ಖಾಲಿಯಿದ್ದರೆ ಡೆವಲಪಿಂಗ್ (ರಸಾಯನದಲ್ಲಿ ಚಿತ್ರ ಮೂಡಿಸುವ ಕೆಲಸ) ಸರಿಯಾಗಿಯೇ ಆಗಿದೆ, ಫಿಲ್ಮಿಗೆ ಬೆಳಕೇ ಬಿದ್ದಿಲ್ಲ. ಹೆಚ್ಚಾಗಿ ಫಿಲ್ಮ್‌ನ ತುದಿ ಸ್ಪೂಲಿಗೆ ಸಿಕ್ಕಿಕೊಳ್ಳದೆ ರೋಲು ಇದ್ದಲ್ಲೇ ಇದ್ದಿರುತ್ತದೆ. (ಲೋಡ್ ಮಾಡಿದ ಮೇಲೆ ಲಿವರ್ ಎಳೆದಾಗ ರಿವೈಂಡ್ ಗುಬ್ಬಿ ತಿರುಗುತ್ತಿದೆಯೇ ನೋಡುವುದು ಇದಕ್ಕಾಗಿಯೇ.) ಅಕ್ಷರವೂ ಇಲ್ಲ, ಚಿತ್ರವೂ ಇಲ್ಲ ಎಂದರೆ ಚಿತ್ರ ಮೂಡಿಸುವ ಡೆವಲಪರ್ ಸತ್ತಿದೆ, ಇಲ್ಲವೇ ಡೆವಲಪರಿಗಿಂತ ಮೊದಲು, ಉಳಿದ ಬೆಳ್ಳಿಯ ಲವಣವನ್ನು ಕರಗಿಸುವ ಫಿಕ್ಸರ್ ಸುರಿದಿದ್ದೀರಿ. ಅಕ್ಷರವೂ ಮಂಕು, ಚಿತ್ರವೂ ಮಂಕು: ಡೆವಲಪಿಂಗ್ ಸಾಲದು. ಅಕ್ಷರ ಸರಿಯಿದ್ದು ನೆರಳಿನ ಭಾಗಗಳು ಗಾಜಿನಂತೆ ಖಾಲಿಯಿದ್ದರೆ ಎಕ್ಸ್‌ಪೋಶರ್ (ಕ್ಯಾಮೆರಾದಲ್ಲಿ ಫಿಲ್ಮಿಗೆ ಬಿದ್ದ ಬೆಳಕು) ಸಾಲದು, ಅದನ್ನು ಯಾವ ರಸಾಯನವೂ ಯಾವ ಸ್ಕ್ಯಾನರೂ ವಾಪಸ್ ತರುವುದಿಲ್ಲ. ಅಂಚು ಸಮೇತ ಎಲ್ಲ ಕಪ್ಪಾಗಿದ್ದರೆ ಎಲ್ಲೋ ಬೆಳಕು ನುಗ್ಗಿದೆ.

ಇನ್ನು ಕೊಳ್ಳುವ ವಿಷಯ. ಮನೆಯಲ್ಲೇ ತೊಳೆಯುವ ಆಸೆಯಿದ್ದರೆ 400 ಐಎಸ್‌ಒ (ಬೆಳಕಿಗೆ ಫಿಲ್ಮ್ ಎಷ್ಟು ಸೂಕ್ಷ್ಮ ಎಂಬುದರ ಅಳತೆ) ಕಪ್ಪು-ಬಿಳುಪು ಫಿಲ್ಮಿನಿಂದ ಶುರು ಮಾಡಿ. ಇಲ್‌ಫರ್ಡ್ ಎಚ್‌ಪಿ5 ಪ್ಲಸ್, ಕೊಡಾಕ್ ಟ್ರೈ-ಎಕ್ಸ್, ಕೆಂಟ್‌ಮಿಯರ್ 400, ಯಾವುದಾದರೂ ಆದೀತು; ಒಂದನ್ನೇ ಹಿಡಿದು ಹತ್ತು ರೋಲು ಮುಗಿಸಿ. ಪ್ರತಿ ರೋಲಿಗೂ ಫಿಲ್ಮ್ ಬದಲಿಸುವವರಿಗೆ ತಪ್ಪು ಎಲ್ಲಿಂದ ಬಂತೆಂದು ಗೊತ್ತಾಗುವುದೇ ಇಲ್ಲ. ಇಲ್‌ಫರ್ಡ್ ಎಕ್ಸ್‌ಪಿ2 ಸೂಪರ್ ನೋಡಲು ಕಪ್ಪು-ಬಿಳುಪು, ಆದರೆ ತೊಳೆಯುವುದು ಬಣ್ಣದ ಸಿ-41 ರಸಾಯನದಲ್ಲಿ. ಸಿನಿಮಾ ಫಿಲ್ಮನ್ನು ಸಣ್ಣ ಡಬ್ಬಿಗೆ ಸುತ್ತಿ ಬೇರೆ ಬೇರೆ ಹೆಸರಿನಲ್ಲಿ ಮಾರುವುದೂ ಉಂಟು. ಅದರ ಹಿಂಬದಿಯಲ್ಲಿ ರೆಮ್‌ಜೆಟ್ ಎಂಬ ಇಂಗಾಲದ ಲೇಪ ಇದ್ದರೆ ಮಾಮೂಲಿ ಲ್ಯಾಬಿಗೆ ಕೊಡಲೇಬೇಡಿ. ಮಸಿ ಬಿಟ್ಟುಕೊಂಡು ಯಂತ್ರದಲ್ಲಿರುವ ಇತರರ ರೋಲುಗಳನ್ನೂ ಹಾಳುಮಾಡುತ್ತದೆ.

ಅವಧಿ ಮುಗಿದ ಫಿಲ್ಮಿಗೆ ದಶಕಕ್ಕೊಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು) ಹೆಚ್ಚು ಬೆಳಕು ಕೊಡಿ ಎಂಬ ಮಾತಿದೆ. ಬಣ್ಣದ ನೆಗೆಟಿವಿಗೆ ಅದು ತಕ್ಕಮಟ್ಟಿಗೆ ನಡೆಯುತ್ತದೆ. ತಣ್ಣಗೆ ಇಟ್ಟಿದ್ದ 100 ಐಎಸ್‌ಒ ಕಪ್ಪು-ಬಿಳುಪು ರೋಲಿಗೆ ಅಷ್ಟು ಬೇಕಾಗುವುದಿಲ್ಲ, ನೇರವಾಗಿ ನಿಜಬಣ್ಣದ ಚಿತ್ರ ಕೊಡುವ ಸ್ಲೈಡ್ ಫಿಲ್ಮ್ ಹಳೆಯದಾದರೆ ಅದಕ್ಕೆ ಎಷ್ಟು ಕೊಟ್ಟರೂ ಬಣ್ಣ ಬರುವುದಿಲ್ಲ. ಫಿಲ್ಮ್ ಎಲ್ಲಿ ಇಟ್ಟಿದ್ದರು ಎಂದು ಕೇಳಿ. ಉತ್ತರ ತಡವರಿಸಿದರೆ ಬಿಡಿ. ಫ್ರಿಜ್‌ನಿಂದ ತೆಗೆದ ರೋಲನ್ನು ಮುಚ್ಚಿದ ಡಬ್ಬಿಯಲ್ಲೇ ಒಂದೆರಡು ಗಂಟೆ ಹೊರಗಿಟ್ಟು ಆಮೇಲೆ ತೆರೆಯಬೇಕು, ಇಲ್ಲವಾದರೆ ತಣ್ಣನೆಯ ಎಮಲ್ಶನ್ (ಫಿಲ್ಮಿನ ಮೇಲಿನ ಬೆಳಕು ಹಿಡಿಯುವ ಲೇಪ) ಮೇಲೆ ತೇವ ಕೂರುತ್ತದೆ. ವಿಮಾನದಲ್ಲಿ ಹೋಗುವಾಗ ಫಿಲ್ಮ್ ಕೈಚೀಲದಲ್ಲಿರಲಿ, ಕೈಯಿಂದ ಪರೀಕ್ಷಿಸುವಂತೆ ಕೇಳಿಕೊಳ್ಳಿ. ಈಗ ಬಂದಿರುವ ಸಿಟಿ ಸ್ಕ್ಯಾನರುಗಳು ಒಂದೇ ಸಲಕ್ಕೆ ಫಿಲ್ಮನ್ನು ಮಬ್ಬಾಗಿಸಬಲ್ಲವು.

ಮಾತಿನಲ್ಲಿ ನಾವು "ರೋಲು ತೊಳೆಸುವುದು" ಎನ್ನುತ್ತೇವೆ, ಆದರೆ ತೊಳೆಯುವುದು ಅದರಲ್ಲಿ ಕೊನೆಯ ಕೆಲಸ. ಮೊದಲನೆಯದು, ಹೆಚ್ಚು ಜನ ಸೋಲುವುದು, ಕತ್ತಲಲ್ಲಿ ಫಿಲ್ಮನ್ನು ಟ್ಯಾಂಕಿನೊಳಗೆ ಕೂರುವ ಸುರುಳಿ ಗಾಡಿಯ ರೀಲಿಗೆ ಏರಿಸುವುದು. ಹಾಳಾದ ಒಂದು ರೋಲಿಟ್ಟುಕೊಂಡು ಬೆಳಕಿನಲ್ಲಿ ಐದು ಸಲ, ಕಣ್ಣು ಮುಚ್ಚಿ ಐದು ಸಲ ಏರಿಸಿ ಅಭ್ಯಾಸ ಮಾಡಿ. ಫಿಲ್ಮ್‌ನ ಕಿರಿದಾದ ತುದಿಯನ್ನು ಅಂಚಿನ ಎರಡು ತೂತುಗಳ ನಡುವೆ ನೇರಕ್ಕೆ ಕತ್ತರಿಸಿ, ಎರಡೂ ಮೂಲೆಗಳನ್ನು ಕೊಂಚ ದುಂಡಗೆ ಮಾಡಿ. ಚೂಪಾದ ಮೂಲೆಯೇ ಒಳಗೆ ಸಿಕ್ಕಿಕೊಳ್ಳುವುದು. ಪ್ಲಾಸ್ಟಿಕ್ ರೀಲಿನ ಬಾಯಿಯಲ್ಲಿರುವ ಎರಡು ಗುಂಡುಗಳನ್ನು ದಾಟಿಸಿ ಒಂದು ಗೇಣು ಒಳಗೆಳೆದು, ಬಳಿಕ ಎರಡು ಬದಿಗಳನ್ನು ಹಿಂದೆಮುಂದೆ ತಿರುಗಿಸುತ್ತಾ ಹೋಗಿ. ರೀಲು ಒಣಗಿರಬೇಕು. ತೇವದ ಒಂದು ಹನಿ ಇದ್ದರೂ ಜೆಲಟಿನ್ ಉಬ್ಬಿ ಫಿಲ್ಮ್ ಅಂಟುತ್ತದೆ. ಚೇಂಜಿಂಗ್ ಬ್ಯಾಗಿನಲ್ಲಿ (ಕೈ ತೂರಿಸಿ ಕೆಲಸ ಮಾಡುವ, ಬೆಳಕು ಬಾರದ ಚೀಲ) ಹತ್ತು ನಿಮಿಷ ಒದ್ದಾಡಿದರೆ ಕೈ ಬೆವರಿ ಅದೇ ಗತಿ. ಸಿಕ್ಕಿಕೊಂಡಾಗ ಬಲ ಹಾಕಬೇಡಿ. ಬಲ ಹಾಕಿ ಮಡಿಕೆ ಬಿದ್ದ ಕಡೆಯೆಲ್ಲ ನೆಗೆಟಿವ್ ಮೇಲೆ ಉಗುರಿನಂಥ ಕಪ್ಪು ಅರ್ಧಚಂದ್ರ ಮೂಡುತ್ತದೆ. ಫಿಲ್ಮನ್ನು ಹೊರಗೆಳೆದು, ಟ್ಯಾಂಕಿಗೆ ಹಾಕಿ ಮುಚ್ಚಳ ಬಿಗಿದು, ಕೈ ತೆಗೆದು ಆರಿಸಿಕೊಂಡು ಮತ್ತೆ ಶುರು ಮಾಡಿ. ಒಂದು ಎಚ್ಚರ: ಟ್ಯಾಂಕಿನ ನಡುವಿನ ಕೊಳವೆಯನ್ನು ಚೀಲದೊಳಗೆ ಹಾಕಿಕೊಂಡಿದ್ದೀರಾ? ಆ ಕೊಳವೆ ಇಲ್ಲದೆ ಮುಚ್ಚಳ ಹಾಕಿದರೂ ಬೆಳಕು ಒಳಗೆ ಬರುತ್ತದೆ. ಚೆನ್ನಾಗಿ ಬಲ್ಲವರೂ ಹೊರಗೆ ಮೇಜಿನ ಮೇಲೆ ಬಿಟ್ಟುಬಿಡುವುದು ಇದನ್ನೇ.

ಡೆವಲಪರ್ ಯಾವುದು ಎಂಬ ಚರ್ಚೆ ಮುಗಿಯುವಂಥದ್ದಲ್ಲ. 1891ರ ರೋಡಿನಲ್ ಇಂದಿಗೂ ಸಿಗುತ್ತದೆ, ಬಾಟಲಿ ತೆರೆದ ಮೇಲೂ ವರ್ಷಗಟ್ಟಲೆ ಕೆಡುವುದಿಲ್ಲ, ಆದರೆ 400ರ ಫಿಲ್ಮಿನಲ್ಲಿ ಗ್ರೇನನ್ನು ಎದ್ದು ಕಾಣಿಸುತ್ತದೆ. ಕೊಡಾಕ್ ಡಿ-76 ಮತ್ತು ಇಲ್‌ಫರ್ಡ್ ಐಡಿ-11 ಹೆಚ್ಚುಕಡಿಮೆ ಒಂದೇ ಪಾಕ: ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಪುಡಿ ಕಲಸಿದ ದ್ರಾವಣವನ್ನು 1+1ರಂತೆ (ಒಂದು ಪಾಲಿಗೆ ಒಂದು ಪಾಲು) ನೀರು ಬೆರೆಸಿ ಒಂದು ಸಲ ಬಳಸಿ ಚೆಲ್ಲಿ. ಒಂದು 35 ಎಂಎಂ ರೋಲಿಗೆ ಪ್ಯಾಟರ್ಸನ್ ಟ್ಯಾಂಕಿಗೆ 290 ಮಿ.ಲೀ. ಬೇಕು, 150 ಮಿ.ಲೀ. ದ್ರಾವಣ, 150 ಮಿ.ಲೀ. ನೀರು ಎಂದಿಟ್ಟುಕೊಳ್ಳಿ. 120 ಎಂಬ ಅಗಲದ ರೋಲಿಗಾದರೆ 500 ಮಿ.ಲೀ. ಅಳತೆ ಟ್ಯಾಂಕಿನ ತಳದಲ್ಲೇ ಬರೆದಿರುತ್ತದೆ.

ಎಚ್‌ಪಿ5 ಪ್ಲಸ್, ಐಡಿ-11 1+1, 20 ಡಿಗ್ರಿ ಸೆಲ್ಸಿಯಸ್: 13 ನಿಮಿಷ. ಟ್ರೈ-ಎಕ್ಸ್‌ಗೆ ಡಿ-76 1+1ರಲ್ಲಿ 9 ನಿಮಿಷ 45 ಸೆಕೆಂಡ್. ನಲ್ಲಿ ನೀರೇ ಬೆಚ್ಚಗಿದ್ದರೆ ಐಸ್‌ಗಾಗಿ ಪರದಾಡಬೇಕಿಲ್ಲ, ಸಮಯ ಇಳಿಸಿ. 24 ಡಿಗ್ರಿಯಲ್ಲಿ 13 ನಿಮಿಷದ ಕೆಲಸ ಸುಮಾರು 9 ನಿಮಿಷಕ್ಕೆ ಮುಗಿಯುತ್ತದೆ. ಆದರೆ ಲೆಕ್ಕ 5 ನಿಮಿಷಕ್ಕಿಂತ ಕೆಳಗೆ ಬಂದರೆ ಆಕಾಶದಂಥ ಸಪಾಟು ಜಾಗದಲ್ಲಿ ಪಟ್ಟೆಗಳು ಬೀಳುತ್ತವೆ, ಏಕೆಂದರೆ ಸುರಿಯುವುದಕ್ಕೆ, ಚೆಲ್ಲುವುದಕ್ಕೆ ಹಿಡಿಯುವ ಹತ್ತಿಪ್ಪತ್ತು ಸೆಕೆಂಡು ಆಗ ದೊಡ್ಡ ಪಾಲಾಗುತ್ತದೆ. ನೀರು ಬೆರೆಸಿ ಸಮಯವನ್ನು ಉದ್ದ ಮಾಡಿಕೊಳ್ಳುವುದರ ಲಾಭ ಇದೇ. ಥರ್ಮಾಮೀಟರ್ ಒಂದು ಡಿಗ್ರಿ ತಪ್ಪು ತೋರಿಸಿದರೂ ಪ್ರತಿ ಸಲ ಅಷ್ಟೇ ತಪ್ಪು ತೋರಿಸಿದರೆ ಕಪ್ಪು-ಬಿಳುಪಿಗೆ ಚಿಂತೆಯಿಲ್ಲ.

ಸುರಿದ ಕೂಡಲೇ ಮುಚ್ಚಳ ಹಾಕಿ ಮೊದಲ 10 ಸೆಕೆಂಡಿನಲ್ಲಿ ನಾಲ್ಕು ಸಲ ತಲೆಕೆಳಗು ಮಾಡಿ, ಟ್ಯಾಂಕಿನ ತಳವನ್ನು ಮೇಜಿಗೆ ಎರಡು ಸಲ ಕುಟ್ಟಿ. ಕುಟ್ಟದಿದ್ದರೆ ಗಾಳಿಗುಳ್ಳೆಗಳು ಫಿಲ್ಮಿಗೆ ಅಂಟಿಕೊಂಡು ನೆಗೆಟಿವಿನಲ್ಲಿ ದುಂಡನೆಯ ತೆಳು ಚುಕ್ಕೆ ಬಿಡುತ್ತವೆ. ಮುಂದೆ ಪ್ರತಿ ನಿಮಿಷದ ಆರಂಭಕ್ಕೆ ನಾಲ್ಕು ಸಲ. ಕಾಕ್‌ಟೇಲ್ ಮಾಡುವವರಂತೆ ಕುಲುಕಿದರೆ ತೂತುಗಳ ಮೂಲಕ ರಸಾಯನ ರಭಸವಾಗಿ ಹರಿದು, ಪ್ರತಿ ತೂತಿನ ಪಕ್ಕ ಒಂದೊಂದು ಗೆರೆ ಬರುತ್ತದೆ. ಎರಡು ರೀಲಿನ ಟ್ಯಾಂಕಿನಲ್ಲಿ ಒಂದೇ ರೋಲು ತೊಳೆಯುವಾಗ ಮೇಲೊಂದು ಖಾಲಿ ರೀಲು ಹಾಕಿ. ಇಲ್ಲದಿದ್ದರೆ ಕೆಳಗಿನದು ಜಾರಿ ಮೇಲೇರಿ, ಫಿಲ್ಮ್‌ನ ಒಂದು ಅಂಚು ಉದ್ದಕ್ಕೂ ತೆಳುವಾಗುತ್ತದೆ.

ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್‌ಗೆ ಲೀಟರಿಗೆ 15 ಗ್ರಾಂ ಸಿಟ್ರಿಕ್ ಆಸಿಡ್ ಸಾಕು, 10 ಸೆಕೆಂಡು. ಫಿಕ್ಸರಿನ ವಿಷಯದಲ್ಲಿ ಮಾತ್ರ ಅಂದಾಜು ಬೇಡ, ಪ್ರತಿ ಸಲ ಪರೀಕ್ಷಿಸಿ. ಕತ್ತರಿಸಿಟ್ಟ ಫಿಲ್ಮ್ ತುಂಡಿನ ಮೇಲೆ ಒಂದು ಹನಿ ಫಿಕ್ಸರ್ ಬಿಟ್ಟು 30 ಸೆಕೆಂಡು ಕಾಯಿರಿ. ನಂತರ ತುಂಡನ್ನೇ ಫಿಕ್ಸರಿನಲ್ಲಿ ಮುಳುಗಿಸಿ ಆಡಿಸುತ್ತಾ ಗಡಿಯಾರ ನೋಡಿ. ಹನಿ ಬಿದ್ದಿದ್ದ ಜಾಗ ಮೊದಲು ತಿಳಿಯಾಗಿ ಬಿಲ್ಲೆಯಂತೆ ಕಾಣುತ್ತದೆ. ಸುತ್ತಲಿನ ಹಾಲುಬಣ್ಣವೂ ಕರಗಿ ಆ ಬಿಲ್ಲೆ ಎಲ್ಲಿತ್ತೆಂದೇ ತಿಳಿಯದಾದಾಗ ನಿಲ್ಲಿಸಿ. ಅಷ್ಟು ಸಮಯದ ಎರಡರಷ್ಟು ಕಾಲ ರೋಲನ್ನು ಫಿಕ್ಸ್ ಮಾಡಿ. ಟಿ-ಮ್ಯಾಕ್ಸ್, ಡೆಲ್ಟಾ ಬಗೆಯ ಫಿಲ್ಮಿಗೆ ಮೂರರಷ್ಟು. ಹೊಸ ಫಿಕ್ಸರಿಗೆ ಹಿಡಿದ ಸಮಯದ ದುಪ್ಪಟ್ಟು ಹಿಡಿಯತೊಡಗಿದರೆ ಆ ಬಾಟಲಿಯ ಆಯಸ್ಸು ಮುಗಿಯಿತು. 1+4 ಬೆರೆಸಿದ ಇಲ್‌ಫರ್ಡ್ ರ‍್ಯಾಪಿಡ್ ಫಿಕ್ಸರ್ ಒಂದು ಲೀಟರ್ 24 ರೋಲಿಗೆ ಬರುತ್ತದೆ ಎನ್ನುವುದು ಕಂಪನಿಯ ಲೆಕ್ಕ. ನೆಗೆಟಿವ್ ಹಾಲುಹಾಲಾಗಿ ಬಂದರೆ ಗಾಬರಿ ಬೇಡ, ಹೊಸ ಫಿಕ್ಸರಿನಲ್ಲಿ ಮತ್ತೆ ಹಾಕಿ. ಇದೊಂದು ತಪ್ಪನ್ನು ಬೆಳಕಿನಲ್ಲೇ ಸರಿಪಡಿಸಬಹುದು. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿ ಕರಗಿರುತ್ತದೆ, ಚರಂಡಿಗೆ ಸುರಿಯಬೇಡಿ.

ಕೊನೆಯ ತೊಳೆತಕ್ಕೆ ನಲ್ಲಿ ಬಿಟ್ಟು ಅರ್ಧ ಗಂಟೆ ಕೂರಬೇಕಿಲ್ಲ. ಟ್ಯಾಂಕು ತುಂಬಿ 5 ಸಲ ತಲೆಕೆಳಗು ಮಾಡಿ ಚೆಲ್ಲಿ, ಹೊಸ ನೀರಿನಲ್ಲಿ 10 ಸಲ, ಮತ್ತೆ ಹೊಸ ನೀರಿನಲ್ಲಿ 20 ಸಲ. ಆಮೇಲೆ ಡಿಸ್ಟಿಲ್ಡ್ ವಾಟರಿಗೆ ಫೋಟೋ-ಫ್ಲೋ (ಹನಿ ನಿಲ್ಲದಂತೆ ನೀರನ್ನು ಜಾರಿಸುವ ದ್ರವ) 1+200ರಂತೆ ಬೆರೆಸಿ ಒಂದು ನಿಮಿಷ. ಜಾಸ್ತಿ ಹಾಕಿದರೆ ಒಳ್ಳೆಯದೆಂದು ಹಾಕುವವರ ಫಿಲ್ಮಿನ ಮೇಲೆ ಅದೇ ಜಿಡ್ಡಾಗಿ ಕಲೆ ನಿಲ್ಲುತ್ತದೆ. ಬಿಸಿನೀರು ಬಿಟ್ಟು ಹಬೆಯಿಂದ ಧೂಳು ಕೂರಿಸಿದ ಬಚ್ಚಲಲ್ಲಿ, ಕೆಳತುದಿಗೆ ಕ್ಲಿಪ್ ಹಾಕಿ ನೇತುಹಾಕಿ, ಬಾಗಿಲು ಮುಚ್ಚಿಬಿಡಿ. ಬೆರಳಿನಿಂದ ಒರೆಸುವುದು ಬೇಡ. ನೆಂದ ಎಮಲ್ಶನ್ ಗೀರಿದರೆ ಹೋಗುವುದಿಲ್ಲ.

ಬಣ್ಣದ ನೆಗೆಟಿವಿನ ಸಿ-41ರಲ್ಲಿ ಹಂತಗಳು ಕಡಿಮೆ, ಕರುಣೆಯೂ ಕಡಿಮೆ. ಡೆವಲಪರ್ 37.8 ಡಿಗ್ರಿಯಲ್ಲಿ 3 ನಿಮಿಷ 15 ಸೆಕೆಂಡ್, ಯಾವ ಕಂಪನಿಯ ಫಿಲ್ಮಾದರೂ, 100 ಆಗಲಿ 800 ಆಗಲಿ. ಬಾಟಲಿ, ಟ್ಯಾಂಕು ಎರಡನ್ನೂ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಿರುವ ನೀರಿನಲ್ಲಿ ಮುಂಚೆಯೇ ಇಡಿ. ಅಡುಗೆಗೆ ಮಾರುವ, ನೀರನ್ನು ಒಂದೇ ಬಿಸಿಯಲ್ಲಿಡುವ ಸೂ ವೀಡ್ ಕಡ್ಡಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಇಲ್ಲಿ ತಾಪಮಾನ ತಪ್ಪಿದರೆ ನೆರಳು ಒಂದು ಬಣ್ಣಕ್ಕೆ, ಬೆಳಕು ಇನ್ನೊಂದು ಬಣ್ಣಕ್ಕೆ ವಾಲುತ್ತದೆ, ಒಂದನ್ನು ತಿದ್ದಿದರೆ ಇನ್ನೊಂದು ಕೆಡುತ್ತದೆ. ಕಿಟ್‌ಗಳಲ್ಲಿ ಬರುವ ಬ್ಲಿಕ್ಸ್ (ಬ್ಲೀಚ್, ಫಿಕ್ಸರ್ ಎರಡೂ ಸೇರಿದ್ದು) ಅನಿಲ ಬಿಡುತ್ತದೆ, ಕುಲುಕಿದ ಪ್ರತಿ ಸಲವೂ ಮುಚ್ಚಳ ಸಡಿಲಿಸಬೇಕು. ಅದರ ನಾಲ್ಕು ಹನಿ ಡೆವಲಪರ್ ಬಾಟಲಿಗೆ ಬಿದ್ದರೂ ಡೆವಲಪರ್ ಕೆಟ್ಟಂತೆ, ಆದ್ದರಿಂದ ಆಲಿಕೆಗಳು ಬೇರೆ ಬೇರೆಯೇ ಇರಲಿ. ಬಣ್ಣ ಮಂಕಾಗಿ ಗ್ರೇನ್ ಹೆಚ್ಚಿದ್ದರೆ ಬ್ಲಿಕ್ಸ್ ಸಾಲದೆ ಬೆಳ್ಳಿ ಉಳಿದಿದೆ ಎಂದರ್ಥ. ಅದೇ ನೆಗೆಟಿವನ್ನು ಹೊಸ ಬ್ಲಿಕ್ಸಿಗೆ ಮತ್ತೆ ಹಾಕಿ ತೊಳೆದರೆ ಸರಿಹೋಗುತ್ತದೆ.

ಸ್ಕ್ಯಾನರ್ ಡಬ್ಬಿಯ ಮೇಲಿನ ಸಂಖ್ಯೆಯನ್ನು ನಂಬಬೇಡಿ. ಎಪ್ಸನ್ ವಿ850 ಮೇಲೆ 6400 ಡಿಪಿಐ (ಅಂಗುಲಕ್ಕೆ ಇಷ್ಟು ಚುಕ್ಕೆ) ಎಂದಿದ್ದರೂ ನಿಜವಾಗಿ ದಕ್ಕುವುದು 2300ರ ಆಸುಪಾಸು. 120ರ ದೊಡ್ಡ ನೆಗೆಟಿವಿಗೆ ಅದು ಧಾರಾಳ, 35 ಎಂಎಂಗೆ ಬರೀ 7 ಮೆಗಾಪಿಕ್ಸೆಲ್‌ನಷ್ಟು. 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಡಿಜಿಟಲ್ ಕ್ಯಾಮೆರಾಕ್ಕೆ 1:1 ಮ್ಯಾಕ್ರೋ ಲೆನ್ಸ್ (ವಸ್ತುವನ್ನು ಸೆನ್ಸರಿನ ಮೇಲೆ ಅದೇ ಗಾತ್ರದಲ್ಲಿ ಮೂಡಿಸುವುದು) ಹಾಕಿ ತೆಗೆದರೆ ಅದೇ 35 ಎಂಎಂ ಫ್ರೇಮಿಗೆ ಸುಮಾರು 4200 ಡಿಪಿಐ ಸಿಗುತ್ತದೆ. ಸೆನ್ಸರ್ ಚಿಕ್ಕದಿರುವ ಎಪಿಎಸ್-ಸಿ ಕ್ಯಾಮೆರಾದವರಿಗೆ 1:1 ಬೇಕೂ ಇಲ್ಲ, 0.65ರಷ್ಟು ಹಿಗ್ಗುವಿಕೆ ಸಾಕು. ನೆಗೆಟಿವಿನ ಕೆಳಗಿಡುವ ಬೆಳಕಿನ ಹಲಗೆಯ ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 95ಕ್ಕಿಂತ ಮೇಲಿರಲಿ. ನೆಗೆಟಿವ್ ಇಡುವ ಜಾಗದಲ್ಲಿ ಸಣ್ಣ ಕನ್ನಡಿಯಿಟ್ಟು ವ್ಯೂಫೈಂಡರಿನಲ್ಲಿ ನೋಡಿ: ಲೆನ್ಸಿನ ಪ್ರತಿಬಿಂಬ ನಟ್ಟನಡುವೆ ಬಂದರೆ ಕ್ಯಾಮೆರಾ ಸಮವಾಗಿದೆ. ಐಎಸ್‌ಒ 100, ಎಫ್/8, ರಾ ಫೈಲ್, ಎರಡು ಸೆಕೆಂಡಿನ ಟೈಮರ್. ಫ್ರೇಮಿನ ಸುತ್ತಲಿನ ಬೆಳಕನ್ನು ಕಪ್ಪು ಕಾಗದದಿಂದ ಮುಚ್ಚಿ, ಕೋಣೆಯ ದೀಪ ಆರಿಸಿ. ಈ ಎರಡನ್ನು ಬಿಟ್ಟಾಗ ಬರುವ ಮಬ್ಬನ್ನೇ ಎಷ್ಟೋ ಜನ ಫಿಲ್ಮ್‌ನ ಗುಣ ಎಂದುಕೊಂಡಿರುತ್ತಾರೆ. ಬಣ್ಣದ ನೆಗೆಟಿವಿಗೆ ವೈಟ್ ಬ್ಯಾಲೆನ್ಸನ್ನು ಖಾಲಿ ಕಿತ್ತಳೆ ಅಂಚಿನ ಮೇಲೆ ತೆಗೆದುಕೊಂಡು ಇಡೀ ರೋಲಿಗೆ ಅದನ್ನೇ, ಅದೇ ಎಕ್ಸ್‌ಪೋಶರನ್ನೇ ಉಳಿಸಿ. ಆಗ ಫ್ರೇಮುಗಳ ನಡುವಿನ ವ್ಯತ್ಯಾಸ ನೆಗೆಟಿವಿನದ್ದೇ ಹೊರತು ಯಂತ್ರದ್ದಲ್ಲ.

ಸ್ಕ್ಯಾನರಿನಲ್ಲಿ ಧೂಳಿನ ಕಲೆ ತೆಗೆಯುವ ಡಿಜಿಟಲ್ ಐಸ್ ಎಂಬ ಸೌಲಭ್ಯ ಇನ್‌ಫ್ರಾರೆಡ್ ಬೆಳಕನ್ನು ನಂಬಿ ಕೆಲಸ ಮಾಡುತ್ತದೆ. ಬಣ್ಣದ ಫಿಲ್ಮಿಗೆ, ಎಕ್ಸ್‌ಪಿ2ಗೆ ಸೊಗಸಾಗಿ ನಡೆಯುತ್ತದೆ. ಮಾಮೂಲಿ ಕಪ್ಪು-ಬಿಳುಪಿಗೆ ಹಾಕಿದರೆ ಬೆಳ್ಳಿಯ ಕಣಗಳನ್ನೇ ಧೂಳೆಂದು ತಿಳಿದು ಚಿತ್ರವನ್ನು ಕಲಸಿಹಾಕುತ್ತದೆ. ಅಲ್ಲಿ ಊದುವ ಬಲ್ಬು, ಮೆತ್ತನೆಯ ಬ್ರಶ್ಶು, ತಾಳ್ಮೆ.

ಕೆಲಸ ಮುಗಿದ ನೆಗೆಟಿವನ್ನು ಆರಾರು ಫ್ರೇಮಿಗೆ ಕತ್ತರಿಸಿ ಪಾಲಿಪ್ರೊಪಿಲೀನ್ ಸ್ಲೀವಿಗೆ ಹಾಕಿ. ಪಿವಿಸಿ ಬೇಡ, ಕಾಲಕ್ರಮೇಣ ಅಂಟುತ್ತದೆ. ಫಿಲ್ಮಿನ ಹೆಸರು, ಯಾವ ಐಎಸ್‌ಒಗೆ ತೆಗೆದದ್ದು, ಡೆವಲಪರ್, ಬೆರಕೆ, ತಾಪಮಾನ, ಸಮಯ ಇಷ್ಟನ್ನೂ ಸ್ಲೀವಿನ ಮೇಲಂಚಿನಲ್ಲಿ ಬರೆಯಿರಿ. ಬರೆಯುವುದು ನೆಗೆಟಿವ್ ಒಳಗೆ ಹಾಕುವ ಮೊದಲು. ಹಾಕಿದ ಮೇಲೆ ಬರೆದರೆ ಪೆನ್ನಿನ ಒತ್ತು ಎಮಲ್ಶನ್ ಮೇಲೆ ಮೂಡುತ್ತದೆ.