ಅಮ್ಮನ ಹೆಬ್ಬೆರಳು

13 ಫೆಬ್ರುವರಿ 2025, ಗುರುವಾರ
ಬ್ಯಾಡಗಿ

ನಸುಕಿನ ನಾಲ್ಕೂವರೆಗೇ ಎಚ್ಚರಾಯಿತು. ಇವತ್ತು ಮಾರುಕಟ್ಟೆ. ಮೆಣಸಿನಕಾಯಿ ಚೀಲ ಹೇರಿಕೊಂಡ ಗಾಡಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು, ಕಿಟಕಿ ಹಾಕಿದ್ದರೂ ಘಾಟು ಒಳಗೆ ಬರುತ್ತಿತ್ತು. ಸೋಮವಾರ, ಗುರುವಾರ ಈ ಹೊತ್ತಿಗೆ ಅಮ್ಮ ಹಾಸಿಗೆಯಲ್ಲಿ ಕೂತು ಗಾಡಿ ಸಪ್ಪಳ ಕೇಳುತ್ತಿದ್ದಳು. "ಮಾಲು ಭಾಳ ಬಂದೈತಿ ನೋಡ, ಇನ್ನ ನಾಕ್ ದಿನ ಕೆಲಸಕ್ಕ ಕೊರತಿಲ್ಲ" ಅನ್ನುತ್ತಿದ್ದಳು. ದರ ಎಷ್ಟಾಯಿತು ಅನ್ನುವುದು ರೈತರ ಚಿಂತೆ, ದಲಾಲರ ಚಿಂತೆ. ಆಕೆಗೆ ಬೇಕಾದದ್ದು ಚೀಲದ ಲೆಕ್ಕ.

ನಿನ್ನೆ ಆಕೆಯ ಶಿವಗಣಾರಾಧನೆ, ತೀರಿಕೊಂಡವರ ಹೆಸರಿನಲ್ಲಿ ಮಾಡುವ ಕಾರ್ಯ, ಮುಗಿಯಿತು.

ಬೇರೆ ಕಡೆಯವರು ಓದುತ್ತಿದ್ದರೆ ಗೊಂದಲ ಬೇಡ. ನಮ್ಮಲ್ಲಿ ಅಮ್ಮ ಅಂದರೆ ಅಜ್ಜಿ. ಹಡೆದವಳು ಅವ್ವ.

ಅಮ್ಮನಿಗೆ ಎಷ್ಟು ವಯಸ್ಸಾಗಿತ್ತು ಅಂತ ಬಂದವರೆಲ್ಲ ಕೇಳಿದರು. ಆಧಾರ್ ಕಾರ್ಡಿನ ಪ್ರಕಾರ 85. ಜನವರಿ ಒಂದು, 1940. ಬರೆದುಕೊಂಡವರು ತಮಗೆ ತಿಳಿದಂತೆ ಬರೆದದ್ದು. ಅಮ್ಮನ ಲೆಕ್ಕ ಬೇರೆ ಇತ್ತು. ಆಕೆಯ ತವರು ಹೊಸರಿತ್ತಿ ಕಡೆ. ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದಾಗ ತಾನು ದನ ಹೊಡೆದುಕೊಂಡು ಹೋಗುವಷ್ಟು ದೊಡ್ಡವಳಿದ್ದೆ, ಊರೊಳಗೆ ಆವತ್ತು ಒಲೆ ಹಚ್ಚಲಿಲ್ಲ ಅಂತ ಹೇಳುತ್ತಿದ್ದಳು. ಅದು 1943ರ ಏಪ್ರಿಲ್ 1. ದನ ಕಾಯುವ ಹುಡುಗಿಗೆ ಎಂಟು ವರ್ಷ ಅಂತ ಹಿಡಿದರೂ ತೊಂಬತ್ತು ಆಗುತ್ತದೆ. ನಾನು ಆಕೆಯ ಲೆಕ್ಕವನ್ನೇ ನಂಬುತ್ತೇನೆ. ಮದುವೆಯಾಗಿ ಬಂದಾಗ ಈ ಮನೆ ಮುಂಬಯಿ ಸರಕಾರದಲ್ಲಿತ್ತು. ಆಮೇಲೆ ಮೈಸೂರು ರಾಜ್ಯ, ಆಮೇಲೆ ಕರ್ನಾಟಕ, 1997ರಲ್ಲಿ ಧಾರವಾಡ ಜಿಲ್ಲೆ ಹೋಗಿ ಹಾವೇರಿ ಜಿಲ್ಲೆ. ಅಮ್ಮ ಮಾತ್ರ ಅದೇ ಪಡಸಾಲೆ, ಅದೇ ಕಂಬಕ್ಕೆ ಒರಗಿ ಕೂತಿದ್ದಳು.

ಅಜ್ಜ ಹೋದಾಗ ನಾಲ್ಕು ಮಕ್ಕಳು, ಹಿರಿಯವನಾದ ನಮ್ಮಪ್ಪನಿಗೆ ಹನ್ನೊಂದು ವರ್ಷ. ಹೊಲ ಒತ್ತೆ ಬಿದ್ದಿತ್ತು. ಆವಾಗ ಅಮ್ಮ ಕೂತದ್ದು ಮೆಣಸಿನಕಾಯಿ ರಾಶಿ ಮುಂದೆ, ತುಂಬು ಬಿಡಿಸಲು.

ತುಂಬು ಅಂದರೆ ಕಾಯಿಯ ತೊಟ್ಟು. ನೋಡಿದವರಿಗೆ ಇದೇನು ಮಹಾ ಅನಿಸುತ್ತದೆ. ಎಡಗೈಯಲ್ಲಿ ಕಾಯಿ ಹಿಡಿಯಬೇಕು, ಬಲಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ತೊಟ್ಟು ಸಿಗಿಸಿ ಒಂದು ತಿರುವು ಕೊಡಬೇಕು. ತಿರುವು ಹೆಚ್ಚಾದರೆ ಕಾಯಿಯ ಕುತ್ತಿಗೆ ಮುರಿದು ಬೀಜ ಉದುರುತ್ತದೆ, ಕಡಿಮೆಯಾದರೆ ಟೋಪಿ ಕಾಯಿಗೇ ಉಳಿಯುತ್ತದೆ. ಕೂಲಿ ತೂಕದ ಮೇಲೆ, ಹಾಗಾಗಿ ಕೈ ನಿಲ್ಲುವಂತಿಲ್ಲ. ಮುಂಜಾನೆಯ ಥಂಡಿಗೆ ಕಾಯಿ ಮೆತ್ತಗಿರುತ್ತದೆ, ಬಿಸಿಲೇರಿದಂತೆ ಗರಿಗರಿಯಾಗಿ ಮುರಿಯುತ್ತದೆ. ಅದಕ್ಕೇ ಆಕೆ ಕತ್ತಲಿದ್ದಾಗಲೇ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದದ್ದು. ಸೀರೆಯ ಮೇಲೆ ಅಜ್ಜನ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು, ಮೂಗಿಗೆ ಸೆರಗು. ಅಜ್ಜನ ಅಂಗಿಗಳು ಹರಿದು ಚಿಂದಿಯಾದ ಮೇಲೆ ಅಪ್ಪನವು. ಅಪ್ಪ ಐಟಿಐ ಮುಗಿಸಿ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್‌ಗೆ ಸೇರಿದ್ದು ಈ ದುಡ್ಡಿನಲ್ಲಿ. ಇಬ್ಬರು ಅತ್ತೆಯರ ಮದುವೆ, ಕಾಕಾನ ಕಿರಾಣಿ ಅಂಗಡಿ, ಒತ್ತೆ ಬಿದ್ದ ಹೊಲ ಬಿಡಿಸಿದ್ದು, ಎಲ್ಲಾ ತೊಟ್ಟು ಕಿತ್ತ ದುಡ್ಡು.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ನಿಜ. 2011ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕದ್ದೂ ನಿಜ. ಆದರೆ ದಿನಕ್ಕೆ ಎಂಟು ತಾಸು ಅದರೊಳಗೇ ಕೈ ಇಟ್ಟು ಕೂತವರನ್ನು ಖಾರ ಕಡಿಮೆಯೇ ಅಂತ ಕೇಳಬೇಕು. ಸಂಜೆ ಬಂದವಳೇ ಅಮ್ಮ ನೀರು ಮುಟ್ಟುತ್ತಿರಲಿಲ್ಲ. ನೀರಿಗೆ ಉರಿ ಹೋಗುವುದಿಲ್ಲ, ಇನ್ನಷ್ಟು ಹರಡುತ್ತದೆ. ಮೊದಲು ಬೊಗಸೆಗೆ ಕುಸುಬಿ ಎಣ್ಣೆ, ಬೆರಳಿನ ಸಂದಿಗೆಲ್ಲ ತಿಕ್ಕಿ, ಆಮೇಲೆ ಕಡಲೆಹಿಟ್ಟು, ಆಮೇಲೆ ನೀರು. ಖಾರ ಎಣ್ಣೆಗೆ ಕರಗುತ್ತದೆ, ನೀರಿಗೆ ಕರಗುವುದಿಲ್ಲ ಅಂತ ನಾನು ಕಾಲೇಜಿನಲ್ಲಿ ಓದಿ ಬಂದು ಹೇಳಿದಾಗ, "ಇದಕ್ಕ ಹುಬ್ಬಳ್ಳಿಗೆ ಹೋಗಿ ಫೀ ಕಟ್ಟಿದ್ಯಾ?" ಅಂದಳು.

ಅಷ್ಟು ತೊಳೆದರೂ ಖಾರ ಪೂರ್ತಿ ಹೋಗುತ್ತಿರಲಿಲ್ಲ. ಸುಗ್ಗಿಯಲ್ಲಿ ಆಕೆ ಬಡಿದ ರೊಟ್ಟಿಗೆ ಖಾರದ ಹಿಂಡಿಯೇ ಬೇಡ ಅಂತ ಕಾಕಾ ಚೇಷ್ಟೆ ಮಾಡುತ್ತಿದ್ದ. ನಮ್ಮ ತಂಗಿ ಕೂಸಿದ್ದಾಗ ಒಮ್ಮೆ ಅಮ್ಮ ಆಕೆಯ ಗಲ್ಲ ಹಿಂಡಿ, ಕೂಸು ಕಣ್ಣು ತಿಕ್ಕಿಕೊಂಡು ರಾತ್ರಿಯೆಲ್ಲ ಅತ್ತಿತಂತೆ. ಅವತ್ತಿನಿಂದ ಅಮ್ಮ ಮೊಮ್ಮಕ್ಕಳನ್ನು ಅಂಗೈಯಿಂದ ಮುಟ್ಟಲಿಲ್ಲ. ಎತ್ತಿಕೊಳ್ಳುವಾಗ ಮುಂಗೈ, ಮುದ್ದು ಮಾಡುವಾಗ ಮೊಣಕೈ. ನನ್ನ ಗಲ್ಲದ ಮೇಲೆ ಆಕೆಯ ಮೊಣಕೈಯ ಒರಟು ಚರ್ಮ ಉಜ್ಜಿದ್ದು ಈಗಲೂ ಗೊತ್ತಾಗುತ್ತದೆ. ಕೆಲಸ ಬಿಟ್ಟು ಆರು ವರ್ಷ ಆದ ಮೇಲೆ, ಕೈ ತಣ್ಣಗಾಗಿ ಹತ್ತಿಯಂತಾದ ಮೇಲೂ, ನನ್ನ ಮಗಳನ್ನು ಮೊಣಕೈಯಿಂದಲೇ ತಿವಿದು ಮಾತಾಡಿಸುತ್ತಿದ್ದಳು. "ಮುತ್ತಜ್ಜಿ ಯಾಕ ನನಗ ಗುದ್ದತಾಳ?" ಅಂತ ಮಗಳ ದೂರು.

ಹೆಬ್ಬೆರಳಿನ ಕಥೆ ಹೇಳಲೇಬೇಕು. ಅಮ್ಮ ಓದಿದವಳಲ್ಲ, ಹೆಬ್ಬೆಟ್ಟು. ರೇಷನ್ ಅಂಗಡಿಗೆ ಬೆರಳಚ್ಚಿನ ಮಷಿನ್ ಬಂದಾಗ ಆಕೆಯ ಹೆಬ್ಬೆರಳಿನಲ್ಲಿ ಗೆರೆಯೇ ಇರಲಿಲ್ಲ. ತೊಟ್ಟು ತಿರುವಿ ತಿರುವಿ ಸವೆದು ನುಣ್ಣಗಾಗಿತ್ತು. ತೋರುಬೆರಳೂ ಹಾಗೇ. ಮೂರು ಸಲ ಹೋಗಿ ಬಂದಳು. ಅಂಗಡಿಯವ "ಅಜ್ಜಿ, ಬೆರಳು ಬರವಲ್ದು" ಅಂದರೆ ಅಮ್ಮ, "ಸಾಲದ ಕಾಗದಕ್ಕ ಒತ್ತುವಾಗ ಚಲೋತ್ನಾಗ ಬಂತಲ್ಲಪಾ, ಅಕ್ಕಿ ಒಯ್ಯುವಾಗ ಯಾಕ ಬರವಲ್ದು?" ಅಂದಳಂತೆ. ಸಾಲು ನಿಂತವರೆಲ್ಲ ನಕ್ಕರಂತೆ. ನನಗೆ ನಗು ಬರಲಿಲ್ಲ. ನಾಲ್ಕನೇ ಸಲ ನಾನೂ ಜೊತೆಗೆ ಹೋಗಿ ಒಂದೊಂದೇ ಬೆರಳು ಇಡಿಸಿದೆ. ಎಡಗೈಯ ಉಂಗುರದ ಬೆರಳಿಗೆ ಮಷಿನ್ ಕುಂಯ್ ಅಂದಿತು. ಎಲ್ಲಾ ಬೆರಳು ದುಡಿದಿದ್ದವು, ಅದೊಂದು ಸ್ವಲ್ಪ ಸುಖವಾಗಿತ್ತು. ಅಮ್ಮ ಅದಕ್ಕೆ "ಸೋಮಾರಿ ಬೆರಳು" ಅಂತ ಹೆಸರಿಟ್ಟಳು. ತಿಂಗಳು ತಿಂಗಳು ಅಕ್ಕಿ ತಂದದ್ದು ಸೋಮಾರಿ ಬೆರಳೇ.

ಈ ಕಾಯಿಯ ಬಣ್ಣ ತೆಗೆದು ಲಿಪ್‌ಸ್ಟಿಕ್ಕಿಗೆ ಹಾಕುತ್ತಾರೆ ಅಂತ ತಂಗಿ ಹೇಳಿದಾಗ ಬಾಯಿ ತೆರೆದು ನಕ್ಕಿದ್ದಳು. "ನಾ ಕೈತುಂಬ ಹಚ್ಚಿಕೊಂಡು ಮುದುಕಿ ಆದೆ, ಯಾರೂ ನೋಡಲಿಲ್ಲ."

ಹೋದ ವರ್ಷ ಮಾರ್ಚ್ 11ರಂದು ದರ ಬಿದ್ದು, ಸಿಟ್ಟಿಗೆದ್ದ ಜನ ಎಪಿಎಂಸಿ ಕಚೇರಿಗೆ ನುಗ್ಗಿ ಗಾಡಿಗಳಿಗೆ ಬೆಂಕಿ ಹಚ್ಚಿದರಲ್ಲ, ಆವಾಗ ನಾನು ಹುಬ್ಬಳ್ಳಿಯಿಂದ ಗಾಬರಿಯಾಗಿ ಫೋನ್ ಮಾಡಿದ್ದೆ. ಅಮ್ಮ ಕೇಳಿದ್ದು ಒಂದೇ: "ತುಂಬು ಬಿಡಸೋ ಹೆಣ್ಮಕ್ಕಳು ಮನೀ ಮುಟ್ಟಿದರಂತೇನು?" ಟಿವಿಯಲ್ಲಿ ಯಾರೂ ಅದನ್ನು ಹೇಳಿರಲಿಲ್ಲ.

ಕೊನೆಯ ಎರಡು ತಿಂಗಳು ಬರೆಯಲು ಹೆಚ್ಚೇನಿಲ್ಲ. ಗಂಜಿ, ನಿದ್ದೆ, ನಡುನಡುವೆ ತವರಿನ ಹೆಸರು. ಸಮಾಧಿಯಲ್ಲಿ ಕೂಡಿಸಿ ಎಡಗೈಯಲ್ಲಿ ಲಿಂಗ ಇಟ್ಟಾಗ ನಾನು ಮುಖ ನೋಡಲಿಲ್ಲ. ಬೆರಳುಗಳನ್ನೇ ನೋಡುತ್ತಿದ್ದೆ. ಮಣ್ಣು ಹಾಕುವ ಮೊದಲು ಎಲ್ಲರೂ ವಿಭೂತಿ, ಪತ್ರಿ ಹಾಕಿದರು.

ಇವತ್ತು ಮಧ್ಯಾಹ್ನ ಅವ್ವ, ನಾನು ಕೂಡಿ ಆಕೆಯ ಟ್ರಂಕು ತೆಗೆದೆವು. ಎರಡು ಇಲಕಲ್ ಸೀರೆ, ಕೌದಿಗೆ ಅಂತ ಎತ್ತಿಟ್ಟ ಹಳೆ ಅರಿವೆ, ಒಂದು ಚೀಲದಲ್ಲಿ ಬಸ್ಸಿನ ಶೂನ್ಯ ದರದ ಟಿಕೆಟ್‌ಗಳು. ಪುಕ್ಕಟೆ ಅಂದರೂ ಟಿಕೆಟ್ ಅಲ್ಲವಾ, ಒಗೆಯಬಾರದು ಅಂತ ಇಟ್ಟಿರಬೇಕು. ತಳದಲ್ಲಿ ಅಪ್ಪನ ಖಾಕಿ ಅಂಗಿ, ಮೊಣಕೈ ಹತ್ತಿರ ತೇಪೆ. ಆರು ವರ್ಷ ಮಡಚಿ ಇಟ್ಟದ್ದು. ನಾನು ಬಿಚ್ಚಿ ಒಮ್ಮೆ ಜೋರಾಗಿ ಜಾಡಿಸಿದೆ.

ಮೊದಲು ಅವ್ವ ಸೀನಿದಳು. ಆಮೇಲೆ ನಾನು. ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ಅಪ್ಪ, ಬಾಗಿಲಲ್ಲಿ ನಿಂತಿದ್ದ ಮಗಳು, ಒಬ್ಬರ ಹಿಂದೆ ಒಬ್ಬರು. ಮಗಳಿಗೆ ನಗು ತಡೆಯಲಾಗಲಿಲ್ಲ, ನೋಡಿ ನೋಡಿ ನಮಗೂ ಬಂತು. ಕಣ್ಣೀರು ಒರೆಸಿಕೊಳ್ಳುತ್ತ ನಾನು ಅಂಗಿಯನ್ನು ಒಗೆಯಲು ಬಕೆಟ್ಟಿನ ಕಡೆ ಒಯ್ದೆ. ಅವ್ವ ಕೈಯಿಂದ ಕಸಿದುಕೊಂಡಳು.

"ನೀರಿಗೆ ಹಾಕಬ್ಯಾಡ. ಹಂಗ ಮಡಚಿ ಇಡು."