ಆಲೆಮನೆಯ ಐದು ಬಣ್ಣಗಳು: ಬೇಸಿಗೆ ಉಡುಪುಗಳ ಕೆಲಸ ಎಲ್ಲಿಗೆ ಬಂದಿದೆ

ಮಂಡ್ಯ ಸೀಮೆಯ ಆಲೆಮನೆಯನ್ನು ವಸ್ತುವಾಗಿ ಇಟ್ಟುಕೊಂಡು ಯುಗಾದಿಯ ಹೊತ್ತಿಗೆ ಹೊರತರಬೇಕೆಂದಿರುವ ಬೇಸಿಗೆ ಉಡುಪುಗಳ ಕೆಲಸ ಈಗ ಅರ್ಧ ದಾರಿ ದಾಟಿದೆ. ಬಣ್ಣಗಳು ತೀರ್ಮಾನವಾಗಿವೆ, ಹತ್ತಿಯ ಕುರ್ತಾ ಮತ್ತು ಲಂಗಗಳ ಕತ್ತರಿಕೆ ನಡೆಯುತ್ತಿದೆ, ರೇಷ್ಮೆಯ ಮೇಲುಡುಪು ಮಾತ್ರ ಇನ್ನೂ ಮಾದರಿಯ ಹಂತದಲ್ಲಿದೆ. ಇದೇ ಬಗೆಯ ಕೆಲಸಕ್ಕೆ ಕೈಹಾಕುವವರಿಗೆ ಬಣ್ಣ ಮತ್ತು ಕತ್ತರಿಕೆಯ ವಿವರಗಳು ಉಪಯೋಗಕ್ಕೆ ಬಂದಾವೆಂದು ಇಲ್ಲಿ ಬರೆದಿಡುತ್ತಿದ್ದೇನೆ.

ಧನುರ್ಮಾಸದಲ್ಲಿ ಪಾಂಡವಪುರದ ಕಡೆಯ ಒಂದು ಆಲೆಮನೆಯಲ್ಲಿ ಕುಳಿತು ಚಿತ್ರ ಬರೆಯುವಾಗ ನನ್ನ ಗಮನವೆಲ್ಲ ಕೊಪ್ಪರಿಗೆಯ ಮೇಲಿತ್ತು. ಗಾಣದಿಂದ ಇಳಿದ ಕಬ್ಬಿನ ಹಾಲು ಬೂದಿ ಬೆರೆತ ಹಸಿರು. ಸುಣ್ಣ ಬಿದ್ದು ಕಾವೇರಿದ ಮೇಲೆ ಕೊಳೆ ಕಟ್ಟಿ ಮೇಲೆ ಬರುತ್ತದೆ, ಅದನ್ನು ತೆಗೆದ ಮೇಲೆ ಉಳಿಯುವ ನೊರೆ ತಿಳಿಯಾಗಿರುತ್ತದೆ. ಆಮೇಲೆ ಹೊನ್ನಿನ ಬಣ್ಣದ ಪಾಕ, ಅಚ್ಚಿಗೆ ಇಳಿದ ಬೆಲ್ಲ, ಒಲೆಯ ಬಾಯಿಯ ಮಸಿ. ಹಾಲು, ನೊರೆ, ಪಾಕ, ಬೆಲ್ಲ, ಮಸಿ: ಈ ಐದೇ ಬಣ್ಣಗಳು ಸಾಕೆಂದು ಅಲ್ಲೇ ನಿರ್ಧರಿಸಿದೆ. ಬೆಲ್ಲವೆಂದರೆ ಅಂಗಡಿಯ ತಿಳಿಹಳದಿ ಬೆಲ್ಲವಲ್ಲ. ಆ ಹಳದಿ ಬಹುತೇಕ ಹೈಡ್ರೋಸ್ ಎಂಬ ಬಣ್ಣ ಕಳೆಯುವ ರಾಸಾಯನಿಕ ಹಾಕಿ ಬರಿಸಿದ್ದು. ಏನೂ ಬೆರೆಸದ ಬೆಲ್ಲ ಗಾಢ ಕಂದು, ನನಗೆ ಬೇಕಾಗಿದ್ದುದು ಅದೇ.

ಸಂಕ್ರಾಂತಿ ಕಳೆದ ಮೇಲಿನ ಕಾಲವೆಲ್ಲ ಬಣ್ಣದ ತೊಟ್ಟಿಯ ಮುಂದೆ ಹೋಯಿತು. ಬೆಲ್ಲವನ್ನು ನೋಡಿ ಬಣ್ಣ ಆರಿಸಿಕೊಂಡು ಅದನ್ನು ರಾಸಾಯನಿಕ ಪುಡಿಯಿಂದ ತರಿಸುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಬೆಲ್ಲ ಬಣ್ಣಗಾರಿಕೆಯಲ್ಲಿ ಹಿಂದಿನಿಂದಲೂ ದುಡಿಯುತ್ತ ಬಂದ ಪದಾರ್ಥ. ಕಲಂಕಾರಿಯ ಕಪ್ಪು ಹುಟ್ಟುವುದೇ ಕಬ್ಬಿಣ ಮತ್ತು ಬೆಲ್ಲದಿಂದ. ತುಕ್ಕು ಹಿಡಿದ ಮೊಳೆ, ಲಾಳ, ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಮುಳುಗಿಸಿ ಎರಡು ಮೂರು ವಾರ ಬಿಟ್ಟರೆ ಬೆಲ್ಲ ಹುಳಿಯಾಗುತ್ತದೆ, ಆ ಹುಳಿ ಕಬ್ಬಿಣವನ್ನು ಕರಗಿಸಿಕೊಳ್ಳುತ್ತದೆ. ಈ ರಸ ತಾನಾಗಿ ಕಪ್ಪಲ್ಲ. ಅಳಲೆಕಾಯಿಯ ಒಗರು ಹೀರಿದ ಬಟ್ಟೆಗೆ ತಗುಲಿದಾಗ ಮಾತ್ರ ಕಪ್ಪು ಮೂಡುತ್ತದೆ. ಬಟ್ಟೆಯ ಒಣ ತೂಕದ ಶೇ 20ರಷ್ಟು ಅಳಲೆಪುಡಿಯ ನೀರಿನಲ್ಲಿ ನೆನೆಸಿ ಒಣಗಿಸಿದ ಖಾದಿ ಮಾಸಲು ಹಳದಿಯಾಗಿರುತ್ತದೆ. ಅದರ ತುದಿಯನ್ನು ರಸಕ್ಕೆ ಇಳಿಸಿದೊಡನೆ ಹಳದಿ ಬೂದಿಯಾಗಿ, ಬೂದಿ ಕಪ್ಪಾಗಿ, ಎಳೆಯಿಂದ ಎಳೆಗೆ ಮೇಲೇರುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು. ಮೇಲಕ್ಕೆತ್ತಿ ಗಾಳಿಗೆ ಹಿಡಿದರೆ ಕಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ.

ಆದರೆ ಕಬ್ಬಿಣ ಹೆಚ್ಚಾದರೆ ನೂಲು ಕಾಲಕ್ರಮೇಣ ಸವೆದು ಹರಿಯುತ್ತದೆ. ಆದ್ದರಿಂದ ಒಂದೇ ಸಲ ಗಟ್ಟಿ ರಸದಲ್ಲಿ ಅದ್ದುವ ಬದಲು ತೆಳುವಾದ ರಸದಲ್ಲಿ ಅದ್ದಿ, ಒಣಗಿಸಿ, ಮತ್ತೆ ಅಳಲೆ ಕೊಟ್ಟು, ಮತ್ತೆ ಅದ್ದುವ ಕ್ರಮವನ್ನು ಅನುಸರಿಸುತ್ತಿದ್ದೇನೆ. ಕೊನೆಗೆ ಸೀಮೆಸುಣ್ಣದ ಪುಡಿ ಕದಡಿದ ನೀರಿನಲ್ಲಿ ಜಾಲಿಸಿದರೆ ಉಳಿದ ಹುಳಿ ತಗ್ಗುತ್ತದೆ. ಹೊತ್ತು ಹಿಡಿಯುವ ಕೆಲಸ ನಿಜ, ಆದರೆ ಬಟ್ಟೆ ಬಾಳಬೇಕೆಂದರೆ ಇದನ್ನು ಬಿಡುವಂತಿಲ್ಲ.

ಹಾಲಿನ ಹಸಿರಿಗೂ ಬೆಲ್ಲವೇ ನೆರವಾಯಿತು. ನೀಲಿ ಗಿಡದ ಬಣ್ಣ, ಅಂದರೆ ಇಂಡಿಗೋ, ನೀರಿನಲ್ಲಿ ತಾನಾಗಿ ಕರಗುವುದಿಲ್ಲ. ಸುಣ್ಣದ ಕ್ಷಾರದಲ್ಲಿ ಅದನ್ನು ಕರಗುವ ರೂಪಕ್ಕೆ ತರುವ ಪದಾರ್ಥವೊಂದು ಬೇಕು, ಬೆಲ್ಲದ ಸಕ್ಕರೆ ಆ ಕೆಲಸ ಮಾಡುತ್ತದೆ. ಒಂದು ಪಾಲು ನೀಲಿ, ಎರಡು ಪಾಲು ಅರಳಿಸಿದ ಸುಣ್ಣ, ಮೂರು ಪಾಲು ಬೆಲ್ಲ ಎಂಬ ಲೆಕ್ಕದಲ್ಲಿ ಬಿಸಿನೀರಿಗೆ ಸೇರಿಸಿದ ತೊಟ್ಟಿ ಹದಕ್ಕೆ ಬಂದಾಗ ಮೇಲೆ ತಾಮ್ರದ ಮಿರುಗಿನ ಪೊರೆ, ಕೆಳಗೆ ಹಳದಿಹಸಿರು ನೀರು. ಹೈಡ್ರೋಸ್ ಹಾಕಿದರೆ ಇದೇ ತೊಟ್ಟಿ ಬೇಗನೆ ಸಿದ್ಧವಾಗುತ್ತದೆ. ಬೆಲ್ಲದಲ್ಲಿ ಬೇಡವೆಂದದ್ದನ್ನು ತೊಟ್ಟಿಗೂ ತರಲಿಲ್ಲ. ಎಳೆನೀಲಿಗೆ ಒಮ್ಮೆ ಅದ್ದಿ, ಗಾಳಿಯಲ್ಲಿ ನೀಲಿ ತಿರುಗಿದ ಮೇಲೆ ಬಣ್ಣ ಹಿಡಿಸಲು ಪಟಿಕ ಕೊಟ್ಟು, ದಾಳಿಂಬೆ ಸಿಪ್ಪೆಯ ಕಷಾಯದಲ್ಲಿ ಕುದಿಸಿದಾಗ ಆ ಬೂದಿಹಸಿರು ಕೈಗೆ ಬಂತು. ದಾಳಿಂಬೆಗೆ ನೀರಿನ ಎಚ್ಚರ ಬೇಕು: ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಹಳದಿ ಮಂಕಾಗಿ ಕಪ್ಪುಹಸಿರಿಗೆ ತಿರುಗುತ್ತದೆ. ಹಾಗಾಗಿ ಈ ಕುದಿಸುವ ಕೆಲಸವನ್ನೆಲ್ಲ ಮೈಸೂರಿನ ನಲ್ಲಿಗೆ ಬರುವ ಕಾವೇರಿ ನೀರಿನಲ್ಲೇ ಇಟ್ಟುಕೊಂಡಿದ್ದೇನೆ.

ಉಳಿದ ಬಣ್ಣಗಳು ಸುಲಭವಾಗಿ ಒದಗಿದವು. ಪಾಕಕ್ಕೆ ಪಟಿಕ ಮತ್ತು ದಾಳಿಂಬೆ, ಬೆಲ್ಲಕ್ಕೆ ಕಾಚು, ನೊರೆಗೆ ಬಣ್ಣವೇ ಇಲ್ಲದ, ಗಂಜಿ ತೆಗೆದ ಕೋರಾ ಬಟ್ಟೆ. ಅರಿಶಿನ ಕಣ್ಣಿಗೆ ಹೆಚ್ಚು ಚೆಂದ ಕಾಣುತ್ತಿತ್ತು. ಬಿಸಿಲಿಗೆ ಬೇಗ ಹಾರುವ ಬಣ್ಣವನ್ನು ಬೇಸಿಗೆ ಬಟ್ಟೆಗೆ ಹಾಕಿ ಮಾರುವುದು ಸರಿಯಲ್ಲವೆಂದು ಕೈಬಿಟ್ಟೆ.

ಶಿವರಾತ್ರಿಯ ಹೊತ್ತಿಗೆ ಕತ್ತರಿಕೆ ಆರಂಭವಾಯಿತು. ನಮ್ಮ ಕಟಿಂಗ್ ಮಾಸ್ಟರು ಮೊದಲೇ ಹೇಳಿದ್ದರು: “ಕೈಮಗ್ಗದ ಬಟ್ಟೆ ನೀರು ಕಾಣದೆ ಕತ್ತರಿ ಕಾಣಬಾರದು ಮೇಡಂ.” 45 ಅಂಗುಲ ಅಗಲದ ಖಾದಿ ಗಂಜಿ ಬಿಟ್ಟು, ಬಣ್ಣ ಕುಡಿದು, ಒಣಗಿದ ಮೇಲೆ 43 ಅಂಗುಲಕ್ಕೆ ನಿಂತಿತು. ಕುರ್ತಾದ ಅಳತೆ ಹುಟ್ಟಿದ್ದು ಈ ಸಂಖ್ಯೆಯಿಂದಲೇ. ಅಗಲವನ್ನು ಸರಿಯಾಗಿ ಸೀಳಿದರೆ ಹಿಂಭಾಗಕ್ಕೊಂದು, ಮುಂಭಾಗಕ್ಕೊಂದು, ತಲಾ ಇಪ್ಪತ್ತೊಂದೂವರೆ ಅಂಗುಲದ ಎರಡು ಹಾಳೆಗಳು; ಎರಡೂ ಪಕ್ಕದ ಹೊಲಿಗೆಗೆ ಅರ್ಧರ್ಧ ಅಂಗುಲ ಹೋದರೆ ಎದೆ ಸುತ್ತಳತೆ 41. ಅಂದರೆ 36 ಅಂಗುಲದ ಮೈಗೆ ಐದು ಅಂಗುಲ ಸಡಿಲ, ನಮ್ಮ ಏಪ್ರಿಲ್ ಸೆಕೆಗೆ ಬೇಕಾದಷ್ಟು ಗಾಳಿ. ತೋಳು ಕೂಡ ನೇರ ಪಟ್ಟಿ. ಕಂಕುಳಲ್ಲಿ ಚೌಕದ ತುಂಡೊಂದನ್ನು ಓರೆಯಾಗಿ ಕೂರಿಸಿದ್ದರಿಂದ ಕೈ ಎತ್ತಿದರೆ ಎಲ್ಲೂ ಹಿಡಿಯುವುದಿಲ್ಲ. ಹಳೆಯ ಕಾಲದ ಅಂಗಿಗಳ ಜಾಣ್ಮೆ ಇದು, ಹಾಸು ಹೊಕ್ಕುಗಳ ನೇರಕ್ಕೆ ಕತ್ತರಿಸುವುದರಿಂದ ತುಂಡು ಪೋಲಾಗುವುದೂ ಬಹಳ ಕಡಿಮೆ. ದಪ್ಪ ಮೈಯವರ ಅಳತೆಗೆ ಪಕ್ಕದಲ್ಲಿ ಬೆಲ್ಲದ ಬಣ್ಣದ ಪಟ್ಟಿ ಸೇರಿಸುತ್ತೇವೆ. ಆ ಪಟ್ಟಿ ಎಷ್ಟು ಒಪ್ಪಿತೆಂದರೆ ಈಗ ಎಲ್ಲ ಅಳತೆಗಳಿಗೂ ಒಂದು ಗೆರೆಯಷ್ಟಾದರೂ ಇರಲೆಂದು ಯೋಚಿಸುತ್ತಿದ್ದೇನೆ.

ಮೇಲುಡುಪಿಗೆ ರೇಷ್ಮೆಯ ಕ್ರೇಪ್. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1912ರಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆ ಇರುವ ಊರಿನಲ್ಲಿ ಕುಳಿತು ಕ್ರೇಪ್ ಮುಟ್ಟದೆ ಉಡುಪು ಮಾಡಲು ನನಗೆ ಮನಸ್ಸಿಲ್ಲ. ಬಲವಾಗಿ ಹುರಿ ಹಾಕಿದ ಎಳೆಗಳನ್ನು ಎಡಹುರಿ ಬಲಹುರಿಯಾಗಿ ಹೊಕ್ಕಿನಲ್ಲಿ ಸರದಿಯಂತೆ ಹಾಯಿಸುವುದರಿಂದ ಈ ಬಟ್ಟೆಗೆ ಆ ಸಣ್ಣ ಸುಕ್ಕೂ ಮೈಮೇಲೆ ಜಾರಿ ನಿಲ್ಲುವ ಗುಣವೂ ಬರುತ್ತವೆ. ಕಬ್ಬಿಣದ ರಸ ರೇಷ್ಮೆಯನ್ನು ಬಿರುಸು ಮಾಡಿ ಅದರ ಮೃದುತನವನ್ನೇ ಕಳೆಯುತ್ತದೆ. ಆದ್ದರಿಂದ ಮಸಿ ಹತ್ತಿಗೆ, ಪಾಕ ರೇಷ್ಮೆಗೆ. ಜರಿ ಬೇಡವೆಂದು ಮೊದಲೇ ಗೊತ್ತುಮಾಡಿದ್ದೆ, ಪಾಕದ ಬಣ್ಣ ಬಿಸಿಲಿನಲ್ಲಿ ತಾನೇ ಹೊಳೆಯುತ್ತದೆ. ಮಾದರಿಯನ್ನು ಓರೆಗೆ ಕತ್ತರಿಸಿದ್ದು, ಓರೆಗೆ ಬಿದ್ದ ಬಟ್ಟೆ ತನ್ನ ಭಾರಕ್ಕೆ ಇಳಿಯುವುದರಿಂದ ಕೆಳಗಿನ ಮಡಿಕೆ ಹೊಲಿಯುವ ಮೊದಲು ರಾತ್ರಿಯಿಡೀ ನೇತುಹಾಕಿ ಅಂಚನ್ನು ಮತ್ತೆ ಸರಿ ಮಾಡಬೇಕಾಗುತ್ತದೆ. ಕೋರಾ ಬಟ್ಟೆಯಲ್ಲಿ ಮಾಡಿದ ಮಾದರಿ ಭುಜದ ಗೆರೆಯನ್ನು ತೋರಿಸುತ್ತದೆಯೇ ಹೊರತು ಈ ಇಳಿತವನ್ನು ತೋರಿಸುವುದಿಲ್ಲ, ಹಾಗಾಗಿ ಮುಂದಿನ ಮಾದರಿಯನ್ನು ಕಡಿಮೆ ಬೆಲೆಯ ಕ್ರೇಪಿನಲ್ಲೇ ಮಾಡಲಿದ್ದೇನೆ.

ಸದ್ಯ ಐದೂ ಬಣ್ಣಗಳ ತುಂಡುಗಳನ್ನು ಅರ್ಧ ರಟ್ಟಿನಿಂದ ಮುಚ್ಚಿ ತಾರಸಿಯ ಬಿಸಿಲಿಗೆ ಕಟ್ಟಿದ್ದೇನೆ, ಇನ್ನೊಂದು ಜೊತೆಯನ್ನು ಅಂಟುವಾಳದ ನೀರಿನಲ್ಲಿ ಮತ್ತೆ ಮತ್ತೆ ಒಗೆಯುತ್ತಿದ್ದೇವೆ. ಮುಚ್ಚಿದ ಭಾಗಕ್ಕೂ ತೆರೆದ ಭಾಗಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಬಂದ ಬಣ್ಣವನ್ನು ಮತ್ತೆ ತೊಟ್ಟಿಗೆ ಕೊಡುತ್ತೇನೆ. ಅದು ಮುಗಿದ ಮೇಲೆ ಗುಂಡಿಗಳ ಆಯ್ಕೆ, ಅದರ ಹಿಂದೆಯೇ ಅಳತೆವಾರು ಕತ್ತರಿಕೆ.